ಜೂಡೋ ಕ್ಲಬ್ ಕಟ್ಟುವುದು ಹೇಗೆ, ಅದಕ್ಕೆ ನಿಜವಾದ ಮಾನ್ಯತೆ ತರುವುದು ಹೇಗೆ?

ಪಿಯುಸಿ ಮುಗಿಯುತ್ತಿದ್ದಂತೆ ಕ್ರೀಡಾ ಕೋಟಾದ ಅರ್ಜಿ ಹಿಡಿದು ಓಡಾಡುವ ಅಪ್ಪ–ಅಮ್ಮಂದಿರ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಒಳಗೆ ಲ್ಯಾಮಿನೇಷನ್ ಮಾಡಿಸಿದ ಬಣ್ಣಬಣ್ಣದ ಪ್ರಮಾಣಪತ್ರಗಳು. ‘ನ್ಯಾಷನಲ್ ಓಪನ್’, ‘ಇಂಡೋ–ನೇಪಾಳ ಇನ್ವಿಟೇಷನಲ್’, ‘ಆಲ್ ಇಂಡಿಯಾ ಕಪ್’. ಪರಿಶೀಲನೆಯ ಮೇಜಿನ ಮುಂದೆ ಅವುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಹುಡುಗ ನಿಜವಾಗಿಯೂ ಬೆವರು ಸುರಿಸಿರುತ್ತಾನೆ, ಚೆನ್ನಾಗಿಯೇ ಆಡುತ್ತಿರುತ್ತಾನೆ. ಆದರೆ ಅವನ ಕ್ಲಬ್ಬಿನ ಹೆಸರು ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಇಂಥ ಫೈಲುಗಳನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಊರಲ್ಲಿ ಜೂಡೋ ಕ್ಲಬ್ ಶುರು ಮಾಡುವ ಮನಸ್ಸಿದ್ದರೆ ಅಥವಾ ಇರುವ ಕ್ಲಬ್ಬಿಗೆ ಮಾನ್ಯತೆ ಬೇಕಿದ್ದರೆ, ಈ ಕ್ರಮದಲ್ಲಿ ಹೋಗಿ.

ಹಂತ 1: ಜಾಗ ಮತ್ತು ಮ್ಯಾಟ್

ಮ್ಯಾಟ್ ಇಲ್ಲದೆ ಜೂಡೋ ಕಲಿಸಬೇಡಿ. ಮರಳಿನ ಮೇಲೆ, ಹುಲ್ಲಿನ ಮೇಲೆ, ಜಮಖಾನದ ಮೇಲೆ ‘ಸದ್ಯಕ್ಕೆ ನಡೆಸೋಣ’ ಎನ್ನುವವರ ಮಾತು ಕೇಳಬೇಡಿ. ಜೂಡೋ ತತಾಮಿ, ಅಂದರೆ ಜೂಡೋಗೆಂದೇ ಮಾಡಿದ ಗಟ್ಟಿ ಮ್ಯಾಟ್, 2 ಮೀಟರ್ ಉದ್ದ, 1 ಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪದ ತುಂಡುಗಳಲ್ಲಿ ಸಿಗುತ್ತದೆ. 8x8 ಮೀಟರ್ ಹಾಸಲು 32 ತುಂಡು ಬೇಕು. ದುಡ್ಡಿಲ್ಲದಿದ್ದರೆ 24 ತುಂಡು ಕೊಂಡು 6x8 ಹಾಸಿ, ಒಂದು ಸಲಕ್ಕೆ ಇಳಿಯುವ ಜೋಡಿಗಳನ್ನು ಕಡಿಮೆ ಮಾಡಿ. ಗೋಡೆಗೂ ಮ್ಯಾಟಿಗೂ ನಡುವೆ ಜಾಗ ಬಿಡಿ, ಕಂಬಗಳಿದ್ದರೆ ದಪ್ಪ ಸ್ಪಂಜು ಸುತ್ತಿ.

ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಬಣ್ಣದ ಪಜಲ್ ಮ್ಯಾಟ್ ಅಗ್ಗಕ್ಕೆ ಸಿಗುತ್ತದೆ, ಆನ್‌ಲೈನಿನಲ್ಲಿ ‘ಜೂಡೋ ಮ್ಯಾಟ್’ ಎಂದೇ ಮಾರುತ್ತಾರೆ. ಕರಾಟೆ, ಟೇಕ್ವಾಂಡೋದವರಿಗೆ ಅದು ಸರಿ, ಅಲ್ಲಿ ನಿಂತು ಆಡುತ್ತಾರೆ. ನಮ್ಮಲ್ಲಿ ಎತ್ತಿ ಎಸೆಯುವುದೇ ಆಟ. ಮೆತ್ತಗಿನ ಮ್ಯಾಟಿನಲ್ಲಿ ಕಾಲ್ಬೆರಳು ಹೂತು ಮಂಡಿ ತಿರುಚುತ್ತದೆ, ನಾಲ್ಕು ದಿನಕ್ಕೆ ಮ್ಯಾಟಿನ ಜಾಯಿಂಟು ಬಿಟ್ಟು ಸಂದಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಕರಾಟೆ ಅಂಗಿಯದೂ ಇದೇ ಕಥೆ. ಹಿಡಿದು ಎಳೆದ ಮೊದಲ ವಾರವೇ ಬಗಲು ಹರಿಯುತ್ತದೆ. ಮಕ್ಕಳಿಗೆ ದಪ್ಪ ನೇಯ್ಗೆಯ ಹತ್ತಿಯ ಜೂಡೋ ಉಡುಪನ್ನೇ (ಜೂಡೋಗಿ) ಕೊಡಿಸಿ, ಒಗೆದಾಗ ಕುಗ್ಗುವುದರಿಂದ ಒಂದು ಸೈಜ್ ದೊಡ್ಡದು.

ಮೊದಲ ಎರಡು ತಿಂಗಳು ಬೀಳುವುದನ್ನಷ್ಟೇ ಕಲಿಸಿ. ಹಿಂದಕ್ಕೆ ಬಿದ್ದಾಗ ತಲೆ ನೆಲಕ್ಕೆ ಬಡಿಯದಂತೆ ಗದ್ದವನ್ನು ಎದೆಗೆ ಒತ್ತುವ ಅಭ್ಯಾಸ ನಿದ್ದೆಯಲ್ಲೂ ಮರೆಯಬಾರದು. ‘ಯಾವಾಗ ಎಸೆಯೋದು ಕಲಿಸ್ತೀರಿ ಸಾರ್?’ ಎಂದು ಪೋಷಕರು ಕೇಳುತ್ತಾರೆ. ಕೇಳಲಿ.

ಹಂತ 2: ಸಂಘದ ನೋಂದಣಿ

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ವಯಸ್ಕರು ಸೇರಿ ಸಂಘ ಮಾಡಬಹುದು. ಹೋಗಬೇಕಾದ್ದು ಸಹಕಾರ ಇಲಾಖೆಯ ಕೈಕೆಳಗಿನ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ. ಸೈಟು, ಜಮೀನು ನೋಂದಣಿಯಾಗುವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಅಲ್ಲಿ ಟ್ರಸ್ಟ್ ಪತ್ರ ಮಾಡಿಕೊಡುತ್ತಾರೆ. ಕೆಲವು ಏಜೆಂಟರು ‘ಟ್ರಸ್ಟೇ ಸುಲಭ, ವರ್ಷವರ್ಷ ತಲೆನೋವಿಲ್ಲ’ ಎನ್ನುತ್ತಾರೆ. ಸುಲಭವೇನೋ ಹೌದು. ಆದರೆ ಕ್ರೀಡಾ ಸಂಸ್ಥೆಗಳು ಸದಸ್ಯತ್ವ, ಚುನಾವಣೆ, ಮಹಾಸಭೆ ಇರುವ ಸಂಘವನ್ನು ಬಯಸುತ್ತವೆ. ಸಂಘವನ್ನೇ ಮಾಡಿ.

ಹೆಸರಿನಲ್ಲಿ ಎಡವುವವರೇ ಹೆಚ್ಚು. ಊರಿನ ಕ್ಲಬ್ಬಿಗೆ ‘ಜಿಲ್ಲಾ ಜೂಡೋ ಅಸೋಸಿಯೇಷನ್’ ಎಂದು ಹೆಸರಿಡುತ್ತಾರೆ, ಗತ್ತಾಗಿ ಕೇಳಿಸುತ್ತದೆ ಎಂದು. ಜಿಲ್ಲೆಯಲ್ಲಿ ಆಗಲೇ ಮಾನ್ಯತೆ ಪಡೆದ ಸಂಸ್ಥೆ ಇದ್ದರೆ ನೀವು ಅರ್ಜಿ ಹಾಕುವ ಮೊದಲೇ ಅದರ ಎದುರಾಳಿಯಾದಿರಿ. ನಾಳೆ ಅವರ ಬಾಗಿಲಿಗೇ ಹೋಗಿ ಸದಸ್ಯತ್ವ ಕೇಳಬೇಕಲ್ಲ? ‘ಭಾರತ’, ‘ರಾಷ್ಟ್ರೀಯ’ ಇವೂ ಬೇಡ, ಸರ್ಕಾರದ್ದೆಂಬ ಭಾವನೆ ಬರಿಸುವ ಹೆಸರಿಗೆ ಆಕ್ಷೇಪಣೆ ಬರುತ್ತದೆ. ಊರಿನ ಹೆಸರು, ಬಡಾವಣೆಯ ಹೆಸರು, ಗ್ರಾಮದೇವತೆಯ ಹೆಸರು, ಯಾವುದಾದರೂ ಇಡಿ, ಮುಂದೆ ‘ಜೂಡೋ ಕ್ಲಬ್’ ಎಂದು ಸೇರಿಸಿ, ಸಾಕು.

ಬೈಲಾವನ್ನು (ಸಂಘದ ನಿಯಮಾವಳಿ) ಮಹಿಳಾ ಮಂಡಳದ್ದೋ ಯುವಕ ಸಂಘದ್ದೋ ತಂದು ಹೆಸರು ಬದಲಿಸಿ ಕೊಡಬೇಡಿ. ಜೂಡೋ ತರಬೇತಿ ಮತ್ತು ಸ್ಪರ್ಧೆ ಉದ್ದೇಶಗಳಲ್ಲಿ ಸ್ಪಷ್ಟವಾಗಿ ಇರಲಿ. ಜಿಲ್ಲಾ ಮತ್ತು ರಾಜ್ಯ ಸಂಸ್ಥೆಯ ನಿಯಮಗಳಿಗೆ ಬದ್ಧ ಎಂಬ ಸಾಲು ಇರಲಿ. ಪದಾಧಿಕಾರಿಗಳ ಅವಧಿ ಎಷ್ಟು, ಚುನಾವಣೆ ಹೇಗೆ ಎಂಬುದು ಇರಲಿ. ಇವು ಬಿಟ್ಟುಹೋದರೆ ಮುಂದೆ ಬೈಲಾ ತಿದ್ದುಪಡಿಗೆ ಮತ್ತೆ ಸಭೆ ಕರೆದು ಮತ್ತೆ ಅದೇ ಕಚೇರಿಗೆ ಹೋಗಬೇಕು.

ಹಂತ 3: ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಸೀಲು. ಖಾತೆಗೆ ಇಬ್ಬರ ಸಹಿ.

ಹಂತ 4: ಮಾನ್ಯತೆ

ಎಲ್ಲರೂ ಮುಗ್ಗರಿಸುವುದು ಇಲ್ಲೇ. ನೋಂದಣಿ ಬೇರೆ, ಮಾನ್ಯತೆ ಬೇರೆ. ನೋಂದಣಾಧಿಕಾರಿ ಕೊಡುವ ಪ್ರಮಾಣಪತ್ರ ಹೇಳುವುದು ಇಷ್ಟೇ: ಈ ಹೆಸರಿನ ಸಂಘವೊಂದು ಇದೆ. ಅದು ಜೂಡೋ ಆಡಿಸಲು ಅರ್ಹ ಎಂದೋ, ಅದರ ಮಕ್ಕಳು ಜಿಲ್ಲೆಯನ್ನು ಪ್ರತಿನಿಧಿಸಬಹುದು ಎಂದೋ ಅದು ಹೇಳುವುದಿಲ್ಲ. ನೀತಿ ಆಯೋಗದ ದರ್ಪಣ್ ಸಂಖ್ಯೆ, ಉದ್ಯಮ್ ನೋಂದಣಿ, ಐಎಸ್‌ಒ ಪ್ರಮಾಣಪತ್ರ, ಇವುಗಳಿಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿ ‘ಭಾರತ ಸರ್ಕಾರದ ಮಾನ್ಯತೆ ಪಡೆದ’ ಎಂದು ಬೋರ್ಡು ಬರೆಸುವವರಿದ್ದಾರೆ. ಒಂದಕ್ಕೂ ಜೂಡೋಗೂ ಸಂಬಂಧವಿಲ್ಲ.

ಕ್ರೀಡಾ ಮಾನ್ಯತೆ ಮೇಲಿಂದ ಕೆಳಗೆ ಇಳಿದು ಬರುವ ಸರಪಳಿ. ತುದಿಯಲ್ಲಿ ಅಂತರರಾಷ್ಟ್ರೀಯ ಜೂಡೋ ಫೆಡರೇಷನ್. ಅದು ಒಂದು ದೇಶದಿಂದ ಒಂದೇ ರಾಷ್ಟ್ರೀಯ ಸಂಸ್ಥೆಯನ್ನು ಒಪ್ಪುತ್ತದೆ. ನಮ್ಮಲ್ಲಿ ಅದು ಜೂಡೋ ಫೆಡರೇಷನ್ ಆಫ್ ಇಂಡಿಯಾ. ಅದರ ಕೆಳಗೆ ರಾಜ್ಯ ಸಂಸ್ಥೆ, ಅದರ ಕೆಳಗೆ ಜಿಲ್ಲಾ ಸಂಸ್ಥೆ, ಅದರ ಕೆಳಗೆ ನಿಮ್ಮ ಕ್ಲಬ್. ನಡುವಿನ ಒಂದು ಕೊಂಡಿ ಸಡಿಲವಾದರೂ ನಿಮ್ಮ ಮಕ್ಕಳ ಪ್ರಮಾಣಪತ್ರ ಬರೀ ಕಾಗದ.

ಆದ್ದರಿಂದ ಪರಿಶೀಲನೆಯನ್ನು ಮೇಲಿನಿಂದ ಶುರು ಮಾಡಿ. ‘ನಾನು ಜಿಲ್ಲಾ ಕಾರ್ಯದರ್ಶಿ, ಇಷ್ಟು ಕಟ್ಟಿ, ನಾಳೆಯೇ ಅಫಿಲಿಯೇಷನ್’ ಎನ್ನುವವರಿಂದ ಶುರು ಮಾಡಬೇಡಿ. ಕೇಂದ್ರ ಕ್ರೀಡಾ ಸಚಿವಾಲಯ ತಾನು ಮಾನ್ಯ ಮಾಡಿದ ರಾಷ್ಟ್ರೀಯ ಫೆಡರೇಷನ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಮೊದಲು ಆ ವರ್ಷದ ಪಟ್ಟಿ ನೋಡಿ. ಹಳೆಯ ಪಟ್ಟಿಯ ಜೆರಾಕ್ಸ್ ನಂಬಬೇಡಿ, ಈ ಆಟದಲ್ಲಿ ಅಧಿಕಾರದ ಕುರ್ಚಿ ಅಲುಗಾಡುತ್ತಲೇ ಬಂದಿದೆ. 2022ರಲ್ಲಿ ದೆಹಲಿ ಹೈಕೋರ್ಟ್ ಜೂಡೋ ಫೆಡರೇಷನ್ನಿಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಆಡಳಿತಾಧಿಕಾರಿಯಾಗಿ ನೇಮಿಸಬೇಕಾಯಿತು. ಮೇಲೆ ಹೀಗಾದಾಗ ಕೆಳಗೆ ‘ನಾವೇ ಅಸಲಿ’ ಎನ್ನುವ ಎರಡೆರಡು ಬಣ ಹುಟ್ಟಿಕೊಳ್ಳುವುದು ಸಹಜ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಾನ್ಯತೆ ಕೊಡುವ ಕೆಲಸವನ್ನು ರಾಷ್ಟ್ರೀಯ ಕ್ರೀಡಾ ಮಂಡಳಿಗೆ, ಜಗಳ ತೀರಿಸುವ ಕೆಲಸವನ್ನು ಕ್ರೀಡಾ ನ್ಯಾಯಮಂಡಳಿಗೆ ವಹಿಸಿದೆ. ಹಾಗಾಗಿ ಮಂಡಳಿಯ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಫೆಡರೇಷನ್ ಖಚಿತವಾದ ಮೇಲೆ, ಕರ್ನಾಟಕದಿಂದ ಅದು ಒಪ್ಪಿರುವ ರಾಜ್ಯ ಸಂಸ್ಥೆ ಯಾವುದು, ಕಾರ್ಯದರ್ಶಿ ಯಾರು ಎಂದು ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲೇ ಉತ್ತರ ಬರಲಿ. ರಾಜ್ಯ ಸಂಸ್ಥೆಯಿಂದ ನಿಮ್ಮ ಜಿಲ್ಲಾ ಘಟಕದ ಹೆಸರನ್ನೂ ಹಾಗೆಯೇ ತರಿಸಿಕೊಳ್ಳಿ. ಜಿಲ್ಲಾ ಕ್ರೀಡಾಂಗಣದಲ್ಲಿ ಕೂರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸಹಾಯಕ ನಿರ್ದೇಶಕರನ್ನೂ ಒಮ್ಮೆ ಕಂಡು ಬನ್ನಿ. ಮಾನ್ಯತೆ ಕೊಡುವವರು ಅವರಲ್ಲ, ಆದರೆ ಜಿಲ್ಲೆಯಲ್ಲಿ ಯಾರು ನಿಜಕ್ಕೂ ಮಕ್ಕಳನ್ನು ಆಡಿಸುತ್ತಾರೆ, ಯಾರು ಲೆಟರ್‌ಹೆಡ್ ಮಾತ್ರ ಇಟ್ಟುಕೊಂಡಿದ್ದಾರೆ ಎಂಬುದು ಆ ಕಚೇರಿಗೆ ಗೊತ್ತಿರುತ್ತದೆ. ನನ್ನ ಕೊನೆಯ ಪರೀಕ್ಷೆ ಇನ್ನೂ ಸರಳ. ಕಳೆದ ರಾಜ್ಯ ಚಾಂಪಿಯನ್‌ಷಿಪ್ಪಿಗೆ ಈ ಜಿಲ್ಲಾ ಸಂಸ್ಥೆಯಿಂದ ಹೋದ ಇಬ್ಬರು ಮಕ್ಕಳ ಪೋಷಕರ ಜೊತೆ ಮಾತಾಡಿ. ಯಾರನ್ನೂ ತೋರಿಸಲಾಗದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟೆಲ್ಲ ಏಕೆ ಎಂದರೆ ಉದ್ಯೋಗದ ಮೇಜಿನ ಬಳಿ ಇದೇ ಸರಪಳಿಯನ್ನು ಹಿಂದಕ್ಕೆ ಎಳೆದು ನೋಡುತ್ತಾರೆ. ಕೇಂದ್ರ ಸರ್ಕಾರಿ ನೌಕರಿಯ ಕ್ರೀಡಾ ಕೋಟಾಗೆ ನಿಗದಿತ ನಮೂನೆಗಳಿವೆ. ದೇಶದ ಪರ ಆಡಿದ್ದಕ್ಕೆ ನಮೂನೆ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯದ ಪರ ಆಡಿದ್ದಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ 4. ನಮೂನೆ 2ಕ್ಕೆ ರಾಷ್ಟ್ರೀಯ ಫೆಡರೇಷನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ ಬೇಕು. ‘ಇಂಟರ್‌ನ್ಯಾಷನಲ್ ಗ್ರ್ಯಾಂಡ್ ಮಾಸ್ಟರ್’ ಎಂದು ಕರೆದುಕೊಳ್ಳುವವರ ಸಹಿಗೆ ಅಲ್ಲಿ ಜಾಗವಿಲ್ಲ.

ಒಂದೇ ಬೋರ್ಡಿನಲ್ಲಿ ಜೂಡೋ, ಕುರಾಶ್, ಕರಾಟೆ, ಕಿಕ್‌ಬಾಕ್ಸಿಂಗ್ ಎಲ್ಲ ಬರೆಸುವವರಿಗೂ ಒಂದು ಮಾತು. ಜೂಡೋ ಕಲಿತವರು ಮಧ್ಯ ಏಷ್ಯಾದ ಕುಸ್ತಿಯಾದ ಕುರಾಶ್‌ಗೆ ಹೋಗಿ ಮಿಂಚಬಹುದು, ಬೆಳಗಾವಿಯ ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಕಂಚು ತಂದರು. ಮ್ಯಾಟ್ ಒಂದೇ ಆದರೂ ಸಂಸ್ಥೆಗಳು ಬೇರೆ. ಜೂಡೋ ಮಾನ್ಯತೆ ಕುರಾಶ್‌ಗೆ ನಡೆಯದು, ಅದಕ್ಕೆ ಪ್ರತ್ಯೇಕ ಅರ್ಜಿ.

ಈಗ ಅರ್ಜಿ. ಕಾರ್ಯಕಾರಿ ಸಮಿತಿ ಸಭೆ ಕರೆದು, ಜಿಲ್ಲಾ ಸಂಸ್ಥೆಯ ಸದಸ್ಯತ್ವ ಕೋರುವ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಅದರ ಪ್ರತಿಯ ಜೊತೆ ನೋಂದಣಿ ಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿ, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ತರಬೇತುದಾರರ ಅರ್ಹತೆ, ಮ್ಯಾಟಿನ ಅಳತೆ, ಫೋಟೊ, ಮಕ್ಕಳ ಪಟ್ಟಿ ಇಡಿ. ತರಬೇತುದಾರರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್ಐಎಸ್) ತರಬೇತಿ ಡಿಪ್ಲೊಮಾ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲಿಡಿ. ಬ್ಲ್ಯಾಕ್ ಬೆಲ್ಟ್ ಪತ್ರ ಯಾವ ಸಂಸ್ಥೆಯದು ಎಂಬುದನ್ನು ನೀವೇ ಮೊದಲು ನೋಡಿಬಿಡಿ, ಅವರು ಕೇಳುವವರೆಗೆ ಕಾಯಬೇಡಿ. ಶುಲ್ಕ ಎಷ್ಟೇ ಇರಲಿ, ಸಂಸ್ಥೆಯ ಬ್ಯಾಂಕ್ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ. ವೈಯಕ್ತಿಕ ಫೋನ್‌ಪೇ ನಂಬರ್ ಕೊಟ್ಟರೆ ಕಟ್ಟಬೇಡಿ.

ಉತ್ತರವೇ ಬರದಿದ್ದರೆ? ಹೀಗಾಗುವುದು ಅಪರೂಪವಲ್ಲ. ಹೊಸ ಕ್ಲಬ್ ಎಂದರೆ ಮುಂದಿನ ಚುನಾವಣೆಯಲ್ಲಿ ಹೊಸ ಮತ, ಅಲ್ಲೇ ಇದೆ ಗಂಟು. ಜಗಳಕ್ಕಿಳಿಯಬೇಡಿ. ಅರ್ಜಿಯನ್ನು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಮತ್ತೊಮ್ಮೆ ಕಳಿಸಿ, ರಾಜ್ಯ ಸಂಸ್ಥೆಗೆ ಪ್ರತಿ ಹಾಕಿ. ಮತದಾನದ ಹಕ್ಕು ಸದ್ಯಕ್ಕೆ ಬೇಡ, ನಮ್ಮ ಮಕ್ಕಳನ್ನು ಜಿಲ್ಲಾ ಆಯ್ಕೆಗೆ ಬಿಡಿ ಸಾಕು ಎಂದು ಬರೆಯಿರಿ. ಆಯ್ಕೆಯಲ್ಲಿ ನಿಮ್ಮ ಮಕ್ಕಳು ಗೆಲ್ಲತೊಡಗಿದರೆ ಜಿಲ್ಲೆಗೆ ನೀವೇ ಬೇಕಾಗುತ್ತೀರಿ. ಸಿಟ್ಟಿನಲ್ಲಿ ನಾಲ್ಕು ಕ್ಲಬ್ಬಿನವರು ಸೇರಿ ಸಮಾನಾಂತರ ಸಂಸ್ಥೆ ಕಟ್ಟಿದರೆ ಪದಾಧಿಕಾರಿಗಳಿಗೆ ಲೆಟರ್‌ಹೆಡ್ ಸಿಗುತ್ತದೆ, ಮಕ್ಕಳಿಗೆ ಏನೂ ಸಿಗುವುದಿಲ್ಲ.

ಹಂತ 5: ಮಕ್ಕಳ ಕಾಗದಪತ್ರ, ತೂಕ

ಹುಟ್ಟಿದ ಒಂದು ವರ್ಷದೊಳಗೆ ನೋಂದಣಿಯಾದ ಜನನ ಪ್ರಮಾಣಪತ್ರ ಇದ್ದರೆ ಚಿಂತೆಯಿಲ್ಲ. ತಡವಾಗಿ ಮಾಡಿಸಿದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1ರ ಜನ್ಮದಿನವಂತೂ ಕಣ್ಣಿಗೆ ಹೊಡೆಯುತ್ತದೆ. ಆಧಾರ್, ಅಂಕಪಟ್ಟಿ, ಜನನ ಪತ್ರ ಮೂರರಲ್ಲೂ ಹೆಸರು, ಇನಿಷಿಯಲ್, ಅಪ್ಪನ ಹೆಸರು, ಅಡ್ಡಹೆಸರು ಒಂದೇ ರೀತಿ ಇವೆಯೇ ಎಂದು ಕ್ಲಬ್ಬಿಗೆ ಸೇರುವ ದಿನವೇ ನೋಡಿ. ಸ್ಪರ್ಧೆಯ ಹಿಂದಿನ ವಾರ ತಿದ್ದಿಸಲು ಆಗುವುದಿಲ್ಲ. ವಯಸ್ಸು ಕಡಿಮೆ ತೋರಿಸುವ ಬುದ್ಧಿವಂತಿಕೆ ಯಾರಾದರೂ ಹೇಳಿಕೊಟ್ಟರೆ ಅವರನ್ನು ಕ್ಲಬ್ಬಿನಿಂದ ಹೊರಗಿಡಿ.

ಜೂಡೋ ಸ್ಪರ್ಧೆ ತೂಕದ ವಿಭಾಗಗಳಲ್ಲಿ ನಡೆಯುತ್ತದೆ, ಕೆಳಗಿನ ವಿಭಾಗಕ್ಕೆ ತೂಕ ಇಳಿಸಲೆಂದು ಮಕ್ಕಳನ್ನು ಉಪವಾಸ ಕೆಡವಬೇಡಿ. ನೀರಿಳಿಸುವ ಫ್ಯುರೋಸಮೈಡ್ ಮಾತ್ರೆ ಔಷಧ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದರೆ ಅಮಾನತು, ಸಿಕ್ಕಿಬೀಳದಿದ್ದರೂ ಮೂತ್ರಪಿಂಡಕ್ಕೆ ಪೆಟ್ಟು. ಜೂಡೋ ಹುಟ್ಟಿದ ಜಪಾನಿನಲ್ಲೇ, ಗೆಲುವಿನ ಹುಚ್ಚು ಅತಿಯಾಯಿತೆಂದು 2022ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಟೂರ್ನಿಯನ್ನೇ ನಿಲ್ಲಿಸಿದರು. ಹುಡುಗಿಯರ ತೂಕವನ್ನು ಮಹಿಳೆಯರೇ ನೋಡಲಿ, ಹೊರ ಊರಿಗೆ ಹೋಗುವಾಗ ತಂಡದ ಜೊತೆ ಮಹಿಳೆಯೊಬ್ಬರು ಇರಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಕ್ಲಬ್ಬಿಗೂ ಅನ್ವಯಿಸುತ್ತದೆ ಎಂಬುದು ತರಬೇತುದಾರರಿಗೆ ಗೊತ್ತಿರಲಿ.

ಹಂತ 6: ಪ್ರತಿ ವರ್ಷದ ಕೆಲಸ

ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಮೂರು–ನಾಲ್ಕು ವರ್ಷ ಬಿಟ್ಟು, ಅನುದಾನದ ಅರ್ಜಿ ಹಾಕುವ ಹೊತ್ತಿಗೆ ದಂಡ ಕಟ್ಟಿ ಒಟ್ಟಿಗೆ ಸಲ್ಲಿಸಲು ಹೊರಡುವವರೇ ಹೆಚ್ಚು. ಅಷ್ಟರಲ್ಲಿ ಹಳೆಯ ಕಾರ್ಯದರ್ಶಿ ಊರು ಬಿಟ್ಟಿರುತ್ತಾರೆ, ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆಯೋ ಗೊತ್ತಿರುವುದಿಲ್ಲ. ಪುಸ್ತಕ, ರಸೀದಿ, ಮಾನ್ಯತೆಯ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಸಂಘದ ಇಮೇಲಿನಲ್ಲಿ ಇಡಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಮಾನ್ಯತೆ ನವೀಕರಣದ ಶುಲ್ಕವನ್ನು ಜಿಲ್ಲಾ ಆಯ್ಕೆಯ ಪ್ರಕಟಣೆ ಬರುವ ಮೊದಲೇ ಕಟ್ಟಿ, ಆ ವರ್ಷದ ನವೀಕರಣ ಪತ್ರವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಮಕ್ಕಳ ಹೆಸರು ಕಳಿಸಿ.