ಲೇಖಕರಿಗಲ್ಲ, ಪುಸ್ತಕಕ್ಕೆ ಮತ: ಗ್ರಂಥಾಲಯದಲ್ಲಿ ಓದುಗರ ಬಹುಮಾನ ನಡೆಸಿದ ನನ್ನ ಅನುಭವ

ಸ್ಥಳೀಯ ಲೇಖಕರ ಪುಸ್ತಕಗಳಲ್ಲಿ ಒಂದನ್ನು ಓದುಗರೇ ಮತ ಹಾಕಿ ಆರಿಸುವ ಬಹುಮಾನವನ್ನು ನಮ್ಮ ಗ್ರಂಥಾಲಯದಲ್ಲಿ ಶುರು ಮಾಡಿದೆವು. ಮೊದಲ ವರ್ಷ ಮತಪೆಟ್ಟಿಗೆ ತೆರೆದಾಗ 312 ಚೀಟಿ ಇದ್ದವು. ಅಷ್ಟು ಬರುತ್ತವೆ ಅಂತ ಯಾರೂ ಅಂದುಕೊಂಡಿರಲಿಲ್ಲ, ನನಗಂತೂ ತುಂಬಾ ಖುಷಿಯಾಯಿತು. ಎಣಿಸಿದರೆ ಅದರಲ್ಲಿ 190 ಒಂದೇ ಪುಸ್ತಕಕ್ಕೆ ಬಂದಿದ್ದವು. ಆಮೇಲೆ ಸುಮ್ನೆ ಆ ಪುಸ್ತಕ ಕೈಗೆತ್ತಿಕೊಂಡು ಅದಕ್ಕೆ ಅಂಟಿಸಿದ್ದ ಡ್ಯೂ ಡೇಟ್ ಸ್ಲಿಪ್ ನೋಡಿದೆ. ನಾವು ಈಗಲೂ ತಾರೀಕಿನ ಸೀಲ್ ಹೊಡೆದೇ ಪುಸ್ತಕ ಕೊಡುವುದು. ಎರಡು ಪ್ರತಿ ಸೇರಿ ಒಂಬತ್ತು ಸೀಲ್ ಇದ್ದವು.

ಒಂಬತ್ತು ಸಲ ಹೊರಗೆ ಹೋದ ಪುಸ್ತಕಕ್ಕೆ 190 ಮತ. ಕೆಲವರು ಕೊಂಡು ಓದಿರಬಹುದು, ಇನ್ನು ಕೆಲವರು ಸ್ನೇಹಿತರ ಹತ್ತಿರ ತೆಗೆದುಕೊಂಡು ಓದಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಜಾಸ್ತಿ ಜನ ಆ ಲೇಖಕರ ಮೇಲಿನ ಪ್ರೀತಿಯಿಂದ ಬಂದು ಚೀಟಿ ಹಾಕಿ ಹೋಗಿದ್ದರು. ಅವರದ್ದೇನೂ ತಪ್ಪಿಲ್ಲ. ಲೇಖಕರದ್ದೂ ತಪ್ಪಿಲ್ಲ. "ನಿಮ್ಮ ಮೆಚ್ಚಿನ ಲೇಖಕರಿಗೆ ಮತ ಹಾಕಿ" ಅಂತ ಬೋರ್ಡ್ ಬರೆದವಳು ನಾನೇ. ಲೇಖಕರಿಗೆ ಅಂತ ಕೇಳಿದ್ದೆ, ಜನ ಲೇಖಕರಿಗೇ ಹಾಕಿದರು.

ಆ ವರ್ಷದ ಬಹುಮಾನ ಹಾಗೇ ಕೊಟ್ಟೆವು. ನಿಯಮ ಹೇಳಿದ ಮೇಲೆ ನಡುವೆ ಬದಲಿಸುವುದು ಸರಿಯಲ್ಲ ಅಲ್ವಾ. ಆದರೆ ಮುಂದಿನ ವರ್ಷಕ್ಕೆ ಎಲ್ಲವನ್ನೂ ಬುಡದಿಂದ ಯೋಚಿಸಬೇಕಾಯಿತು. ಇಂಥ ಬಹುಮಾನ ಶುರು ಮಾಡಬೇಕು ಅಂತಿರುವ ಗ್ರಂಥಾಲಯದವರು ಯಾರಾದರೂ ಇದ್ದರೆ ನಮ್ಮ ಅನುಭವದಿಂದ ಒಂದು ವರ್ಷ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಬೇರೆಯವರು ಹೇಗೆ ಮಾಡುತ್ತಾರೆ ಅಂತ ಮೊದಲು ನೋಡಿದೆ. ಡಬ್ಲಿನ್ ಸಾಹಿತ್ಯ ಪ್ರಶಸ್ತಿ 1996ರಿಂದ ನಡೆಯುತ್ತಿದೆ. ಅದಕ್ಕೆ ಪುಸ್ತಕ ಸೂಚಿಸುವವರು ಜಗತ್ತಿನ ಬೇರೆ ಬೇರೆ ಕಡೆಯ ಗ್ರಂಥಾಲಯಗಳು, ಆದರೆ ಕೊನೆಗೆ ಆರಿಸುವವರು ತೀರ್ಪುಗಾರರು. ನಮಗೆ ಅದು ಹೊಂದುವುದಿಲ್ಲ, ತೀರ್ಮಾನ ಓದುಗರದ್ದೇ ಆಗಬೇಕು ಅನ್ನುವುದು ನಮ್ಮ ಆಸೆ. ಫ್ರಾನ್ಸಿನಲ್ಲಿ 1988ರಿಂದ ಪ್ರೌಢಶಾಲೆಯ ದೊಡ್ಡ ಮಕ್ಕಳೇ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ಪ್ರಶಸ್ತಿಯ ಪಟ್ಟಿಯಲ್ಲಿರುವ ಕಾದಂಬರಿಗಳನ್ನು ಓದಿ ತಮ್ಮದೇ ಬೇರೆ ಬಹುಮಾನ ಕೊಡುತ್ತಾರೆ. ಸುಮಾರು 2000 ಮಕ್ಕಳು ತರಗತಿಯಲ್ಲಿ ಕೂತು ಓದುತ್ತಾರೆ, ಜಗಳ ಆಡುತ್ತಾರೆ, ಆಮೇಲೆ ಆರಿಸುತ್ತಾರೆ. ನನಗೆ ದಾರಿ ತೋರಿಸಿದ್ದು ಮಾತ್ರ ಕೆನಡಾದ ಒಂಟಾರಿಯೊ ಗ್ರಂಥಾಲಯ ಸಂಘದವರ ಫಾರೆಸ್ಟ್ ಆಫ್ ರೀಡಿಂಗ್ ಅನ್ನುವ ಓದುವ ಕಾರ್ಯಕ್ರಮ. ಅಲ್ಲಿ ಶಾಲಾ ಮಕ್ಕಳ ಕೆಲವು ವಿಭಾಗಗಳಲ್ಲಿ ಹತ್ತು ಪುಸ್ತಕಗಳ ಪಟ್ಟಿ ಕೊಡುತ್ತಾರೆ, ಕನಿಷ್ಠ ಐದು ಓದಿದ ಮಗುವಿಗೆ ಮಾತ್ರ ಮತ. ಮಕ್ಕಳಿಗೆ ಇರುವ ಈ ಶಿಸ್ತು ದೊಡ್ಡವರಿಗೆ ಯಾಕಿರಬಾರದು?

ಮತಕ್ಕೆ ಇಡುವ ನಮ್ಮ ಕೊನೆಯ ಪಟ್ಟಿಯಲ್ಲಿ ಐದು ಪುಸ್ತಕ. ಕನಿಷ್ಠ ಮೂರು ಓದಿದವರಿಗೆ ಮತ ಅಂತ ಮಾಡಿದೆವು. ಈ ಒಂದು ನಿಯಮದಿಂದಲೇ ಅರ್ಧ ಕೆಲಸ ಆಯಿತು. ತನ್ನ ಅಣ್ಣನ ಪುಸ್ತಕಕ್ಕೆ ಮತ ಹಾಕಲು ಬಂದವರು ಇನ್ನೆರಡು ಪುಸ್ತಕ ಓದಲೇಬೇಕು. ಓದಿದ ಮೇಲೂ ಅಣ್ಣನಿಗೇ ಹಾಕಲಿ, ಬೇಜಾರಿಲ್ಲ. ಹಾಗೆ ಬಂದ ಒಬ್ಬ ಹುಡುಗಿ ಮೂರನೇ ಪುಸ್ತಕ ವಾಪಸ್ ಕೊಡುತ್ತಾ, "ಮೇಡಂ, ಈಗ ಯಾರಿಗೆ ಹಾಕಬೇಕು ಅಂತಲೇ ಗೊತ್ತಾಗ್ತಿಲ್ಲ" ಅಂದಳು. ಆ ಮಾತು ಕೇಳಿ ನನಗೆ ಆ ದಿನವೆಲ್ಲ ಸಂತೋಷ.

ಓದಿದ್ದಾರೆ ಅಂತ ಗೊತ್ತಾಗುವುದು ಹೇಗೆ ಅನ್ನುವ ಪ್ರಶ್ನೆ ಬಂತು. ನನಗೆ ಮೊದಲು ಹೊಳೆದದ್ದು ಸುಲಭದ ದಾರಿ: ಕಂಪ್ಯೂಟರಿನಲ್ಲಿ ಯಾರು ಯಾವ ಪುಸ್ತಕ ತೆಗೆದುಕೊಂಡರು ಅಂತ ಇದ್ದೇ ಇರುತ್ತದೆ, ಮತದಾರರ ಹೆಸರನ್ನು ಅದರ ಜೊತೆ ತಾಳೆ ನೋಡಿದರೆ ಆಯಿತು. ನಮ್ಮ ಹಿರಿಯ ಗ್ರಂಥಪಾಲಕರು ಖಡಾಖಂಡಿತ ಬೇಡ ಅಂದರು. ಯಾರು ಏನು ಓದುತ್ತಾರೆ ಅನ್ನುವುದು ಅವರವರ ಸ್ವಂತ ವಿಷಯ, ಆ ದಾಖಲೆ ಇರುವುದು ಪುಸ್ತಕ ವಾಪಸ್ ಪಡೆಯಲಿಕ್ಕೆ, ಇನ್ನೊಂದಕ್ಕೆ ಬಳಸಬಾರದು ಅಂತ ಹೇಳಿದರು. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಒಪ್ಪಿಕೊಂಡ ಓದುಗರ ಹಕ್ಕುಗಳ ಪಟ್ಟಿಗೆ 2019ರಲ್ಲಿ ಇದೇ ಖಾಸಗಿತನದ ಮಾತನ್ನು ಸೇರಿಸಿದ್ದಾರೆ ಅಂತ ಆಮೇಲೆ ಓದಿದೆ. ನಮ್ಮ ಹಿರಿಯರು ತಡೆದದ್ದು ಒಳ್ಳೆಯದಾಯಿತು.

ಅದರ ಬದಲು ಒಂದು ಚಿಕ್ಕ ಕಾರ್ಡ್ ಮಾಡಿದೆವು. ಅಂಗೈಯಗಲದ ದಪ್ಪ ಕಾಗದ, ಐದು ಚೌಕ, ಒಂದೊಂದರಲ್ಲಿ ಒಂದು ಪುಸ್ತಕದ ಹೆಸರು. ಓದುಗರ ಹೆಸರಿಗೆ ಜಾಗವೇ ಇಲ್ಲ. ಪುಸ್ತಕ ವಾಪಸ್ ತಂದಾಗ ಕೌಂಟರಿನಲ್ಲಿ ಆ ಚೌಕಕ್ಕೆ ಸೀಲ್. ಕೊಂಡು ಓದಿದವರು ಆ ಪ್ರತಿಯನ್ನು ತಂದು ತೋರಿಸಿದರೂ ಸೀಲ್. ಮೂರು ಸೀಲ್ ಆದ ಕಾರ್ಡ್ ಕೊಟ್ಟರೆ ಒಂದು ಮತಪತ್ರ. ಕಾರ್ಡ್ ನಮ್ಮ ಹತ್ತಿರ ಉಳಿಯುತ್ತದೆ, ಮತಪತ್ರ ಪೆಟ್ಟಿಗೆಗೆ ಹೋಗುತ್ತದೆ, ಎರಡಕ್ಕೂ ಸಂಬಂಧ ಇರುವುದಿಲ್ಲ. ತಂದ ದಿನವೇ ವಾಪಸ್ ಕೊಟ್ಟು ಸೀಲ್ ಹಾಕಿಸಿಕೊಂಡವರೂ ಒಂದಿಬ್ಬರು ಇದ್ದರು. ಒಂದೆರಡು ಪ್ರಶ್ನೆ ಕೇಳೋಣ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಗ್ರಂಥಾಲಯದಲ್ಲಿ ಪರೀಕ್ಷೆ ಶುರುವಾದರೆ ಓದಲು ಬರುವವರೂ ಬರುವುದಿಲ್ಲ.

ಇನ್ನು ಪ್ರತಿಗಳ ವಿಷಯ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಲ್ಲ ಪುಸ್ತಕಕ್ಕೂ ಆರಾರು ಪ್ರತಿ ಇಟ್ಟರೆ ನ್ಯಾಯ ಅಂತ ಎರಡನೇ ವರ್ಷ ಅಂದುಕೊಂಡಿದ್ದೆವು. ಪಟ್ಟಿಯಲ್ಲಿ 90 ಪುಟದ ಒಂದು ಕವನ ಸಂಕಲನ ಇತ್ತು, 500 ಪುಟ ದಾಟಿದ ಒಂದು ಕಾದಂಬರಿ ಇತ್ತು. ಸಂಕಲನ ಎರಡು ಮೂರು ದಿನಕ್ಕೆ ವಾಪಸ್ ಬರುತ್ತಿತ್ತು, ಕಾದಂಬರಿ ಹೋದರೆ ಹದಿನಾಲ್ಕು ದಿನ, ಮೇಲೆ ಒಂದು ಸಲ ರಿನ್ಯೂವಲ್. ಮತದಾನಕ್ಕೆ ಇದ್ದದ್ದು ಮೂರು ತಿಂಗಳು. ಲೆಕ್ಕ ಹಾಕಿ ನೋಡಿ: ಒಂದೊಂದು ಪ್ರತಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತಿಂಗಳು ಇದ್ದರೆ ಆರು ಪ್ರತಿಯಿಂದ ಓದುವವರು ಹದಿನೆಂಟೇ ಜನ. ಸಂಕಲನ ಓದಲು ನೂರು ಜನರಿಗೂ ಅವಕಾಶ. ಮತಕ್ಕಿಂತ ಮುಂಚೆಯೇ ಕಾದಂಬರಿ ಸೋತಿತ್ತು. ಅದಕ್ಕೆ ಮೂರನೇ ವರ್ಷ ಪುಟದ ಲೆಕ್ಕ ನೋಡಿ ಪ್ರತಿ ಇಟ್ಟೆವು, ದಪ್ಪ ಪುಸ್ತಕಕ್ಕೆ ಹತ್ತು, ತೆಳು ಪುಸ್ತಕಕ್ಕೆ ನಾಲ್ಕು. ಪಟ್ಟಿಯ ಪುಸ್ತಕಗಳಿಗೆ ರಿನ್ಯೂವಲ್ ನಿಲ್ಲಿಸಿದೆವು, ಮತದಾನದ ಅವಧಿಯನ್ನು ಐದು ತಿಂಗಳಿಗೆ ಏರಿಸಿದೆವು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ 1931ರಲ್ಲೇ ಸೂತ್ರ ಮಾಡಿದ್ದಾರೆ, ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ಅದು. ಅದರ ಅರ್ಥ ನನಗೆ ಸರಿಯಾಗಿ ಆದದ್ದು ರಿಸರ್ವ್ ಪಟ್ಟಿಯಲ್ಲಿ 22 ಜನ ಒಂದು ಕಾದಂಬರಿಗೆ ಕಾಯುತ್ತಿದ್ದಾಗ.

ಸ್ಥಳೀಯ ಲೇಖಕರು ಅಂದರೆ ಯಾರು? ಇಲ್ಲಿ ಹುಟ್ಟಿ ಬೇರೆ ಕಡೆ ಇರುವವರಾ, ಎಲ್ಲೋ ಹುಟ್ಟಿ ಇಲ್ಲಿ ನೆಲೆಸಿದವರಾ? ನಾವು ವಾದ ಮಾಡಿ ಮಾಡಿ ಕೊನೆಗೆ, ಈಗ ಇಲ್ಲಿ ವಾಸವಿದ್ದು ನಮ್ಮ ಗ್ರಂಥಾಲಯದ ಸದಸ್ಯರಾಗಲು ಅರ್ಹರಾದ ಯಾರಾದರೂ ಸರಿ ಅಂತ ಬರೆದೆವು. ಇಲ್ಲಿಂದ ಹೊರಗೆ ಹೋದವರಿಗೆ ಇದು ಬೇಸರ ತರಿಸಿತು, ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕ ಓದಿದವರು ನಾಳೆ ಬೆಳಿಗ್ಗೆ ಅದೇ ಲೇಖಕರನ್ನು ಪತ್ರಿಕೆ ಓದುವ ಮೇಜಿನ ಹತ್ತಿರ ನೋಡಬಹುದು ಅನ್ನುವುದೇ ಈ ಬಹುಮಾನದ ಸೊಗಸು ಅಂತ ನನ್ನ ನಂಬಿಕೆ. ಸ್ವಂತ ಖರ್ಚಿನಲ್ಲಿ ಅಚ್ಚು ಮಾಡಿಸಿದ ಪುಸ್ತಕಕ್ಕೂ ಜಾಗ ಕೊಟ್ಟೆವು, ಪುಸ್ತಕವನ್ನು ಗುರುತಿಸಲು ಕೊಡುವ ಅಂತರರಾಷ್ಟ್ರೀಯ ಸಂಖ್ಯೆ ಐಎಸ್‌ಬಿಎನ್ ಕಡ್ಡಾಯ ಮಾಡಲಿಲ್ಲ. ಮಾಡಿದ್ದರೆ ಬಂದ ಪುಸ್ತಕಗಳಲ್ಲಿ ಮೂರರಲ್ಲಿ ಒಂದು ಬಾಗಿಲಲ್ಲೇ ನಿಲ್ಲುತ್ತಿತ್ತು. ಸಿಬ್ಬಂದಿ ಮತ್ತು ಅವರ ಮನೆಯವರು ಸ್ಪರ್ಧಿಸುವಂತಿಲ್ಲ. ಬಂದ ಎಲ್ಲ ಪುಸ್ತಕಗಳಿಂದ ಐದನ್ನು ಆರಿಸಲು ಏಳು ಜನ ಸದಸ್ಯರ ಒಂದು ತಂಡ, ಒಂದೊಂದು ಪುಸ್ತಕವನ್ನು ಕನಿಷ್ಠ ಮೂವರು ಓದಬೇಕು, ಪರಿಚಯ ಇರುವ ಲೇಖಕರ ಪುಸ್ತಕ ಬಂದರೆ ಅದನ್ನು ಬಿಟ್ಟುಕೊಡಬೇಕು.

ಈಗ ಮತಪತ್ರ. ಒಬ್ಬರಿಗೆ ಒಂದೇ ಮತ ಅಂದರೆ ಐದು ಪುಸ್ತಕಗಳ ನಡುವೆ ಮತ ಹಂಚಿಹೋಗಿ, ಮುಕ್ಕಾಲು ಪಾಲು ಜನ ಆರಿಸದ ಪುಸ್ತಕವೂ ಗೆಲ್ಲಬಹುದು. ಅಂಕ ಕೊಡಿ, ಸರಾಸರಿ ತೆಗೆಯೋಣ ಅಂದರೆ ಆರೇ ಜನ ಓದಿ ಆರೂ ಜನ ಹತ್ತಕ್ಕೆ ಹತ್ತು ಕೊಟ್ಟ ಪುಸ್ತಕ, ಎಂಬತ್ತು ಜನ ಮೆಚ್ಚಿದ ಪುಸ್ತಕವನ್ನು ಹಿಂದೆ ಹಾಕುತ್ತದೆ. ಸ್ಥಾನಕ್ಕೆ ಇಷ್ಟು ಅಂಕ ಅಂತ ಕೂಡಿಸುವ ಪದ್ಧತಿಯೂ ಇದೆ, ಹದಿನೆಂಟನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಹೆಸರಿನದು. ಅದರಲ್ಲಿ ತಮ್ಮ ಪುಸ್ತಕಕ್ಕೆ ಪೈಪೋಟಿ ಕೊಡುವ ಪುಸ್ತಕವನ್ನು ಬೇಕಂತಲೇ ಕೊನೆಗೆ ತಳ್ಳಿದರೆ ಫಲಿತಾಂಶ ಬದಲಾಗುತ್ತದೆ.

ನಾವು ಹಿಡಿದದ್ದು ಪ್ರಾಶಸ್ತ್ಯ ಮತ. ಮೆಚ್ಚಿದ ಕ್ರಮದಲ್ಲಿ ಅಂಕಿ ಬರೆಯುವುದು; ಯಾವುದೂ ಅರ್ಧ ದಾಟದಿದ್ದರೆ ಕೊನೆಯ ಪುಸ್ತಕ ಹೊರಗೆ, ಅದರ ಪತ್ರಗಳು ಮುಂದಿನ ಅಂಕಿಯ ಪುಸ್ತಕಕ್ಕೆ. ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಬಳಸುವಂಥದ್ದು. ವಿಜ್ಞಾನ ಕಥೆಗಳ ಹ್ಯೂಗೊ ಪ್ರಶಸ್ತಿಗೂ ಓದುಗರು ಹೀಗೇ 1, 2, 3 ಅಂತ ಬರೆಯುತ್ತಾರೆ. ಓದಿದ ಪುಸ್ತಕಗಳಿಗೆ ಮಾತ್ರ ಅಂಕಿ ಹಾಕಿ, ಓದದ್ದನ್ನು ಖಾಲಿ ಬಿಡಿ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿದೆವು. ಎಲ್ಲರಿಗೂ ಮೇಲಿನ ಹೆಸರಿಗೆ ಕೈ ಹೋಗುವುದು ಜಾಸ್ತಿ, ಅದಕ್ಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಚುನಾವಣೆಗಳಲ್ಲಿ ಹೆಸರುಗಳ ಕ್ರಮ ಬದಲಿಸಿ ಬದಲಿಸಿ ಮತಪತ್ರ ಅಚ್ಚು ಹಾಕುತ್ತಾರೆ. ನಾವೂ ಐದು ಬಗೆ ಮಾಡಿಸಿದೆವು, ಒಂದೊಂದರಲ್ಲಿ ಒಂದೊಂದು ಪುಸ್ತಕ ಮೇಲೆ.

ಎಣಿಕೆಯನ್ನು ಓದುವ ಕೋಣೆಯ ದೊಡ್ಡ ಮೇಜಿನ ಮೇಲೆ ಎಲ್ಲರ ಎದುರೇ ಮಾಡಿದೆವು. ಐದು ಟ್ರೇ, ಪಕ್ಕದಲ್ಲಿ ಕಪ್ಪು ಹಲಗೆ. ಮೂರನೇ ವರ್ಷ 141 ಮತಪತ್ರ ಬಂದಿದ್ದವು. ಮೊದಲ ವರ್ಷದ ಅರ್ಧಕ್ಕೂ ಕಡಿಮೆ, ಆದರೆ ಇವು 141 ಜನ ಮೂರಾದರೂ ಪುಸ್ತಕ ಮನೆಗೆ ಒಯ್ದು ತಂದ ಮೇಲೆ ಬಂದವು. ಮೊದಲ ಸುತ್ತಿನಲ್ಲಿ 46, 38, 27, 18, 12. ಅರ್ಧ ದಾಟಲು 71 ಬೇಕು. 12 ಬಂದ ಒಂದು ಕವನ ಸಂಕಲನವನ್ನು ಹೊರಗಿಟ್ಟು ಆ ಹನ್ನೆರಡು ಪತ್ರಗಳ ಎರಡನೇ ಪ್ರಾಶಸ್ತ್ಯ ನೋಡಿ ಹಂಚಿದಾಗ 48, 43, 30, 20. ಇಪ್ಪತ್ತನ್ನು ಹಂಚಿದಾಗ ಒಂದು ಪತ್ರದಲ್ಲಿ ಮುಂದಿನ ಅಂಕಿ ಇರಲಿಲ್ಲ, ಅದನ್ನು ಬದಿಗಿಟ್ಟೆವು. ಹಲಗೆಯ ಮೇಲೆ 52, 52, 36. ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ, ಫ್ಯಾನಿನ ಸದ್ದು ಮಾತ್ರ. ಆ ಮೂವತ್ತಾರನ್ನು ಒಂದೊಂದಾಗಿ ಎತ್ತಿ ಜೋರಾಗಿ ಓದುವಾಗ ನನ್ನ ಕೈ ನಡುಗುತ್ತಿತ್ತು. 11 ಮೊದಲನೆಯದಕ್ಕೆ, 21 ಎರಡನೆಯದಕ್ಕೆ, 4 ಖಾಲಿ. ಕೊನೆಗೆ 63, 73. ಮೊದಲ ಸುತ್ತಿನಲ್ಲಿ ಹಿಂದಿದ್ದ ಪುಸ್ತಕ ಗೆದ್ದಿತು.

ಇಲ್ಲಿ ಒಂದು ಎಚ್ಚರಿಕೆ. 46 ಬಂದವರ ಕಡೆಯವರು, ನಮಗೇ ಜಾಸ್ತಿ ಬಂದಿತ್ತಲ್ಲ ಅಂತ ಕೇಳಿಯೇ ಕೇಳುತ್ತಾರೆ. ಕೇಳುವುದು ಸರಿಯೇ. ಎಣಿಕೆ ಶುರುವಾಗುವ ಮೊದಲೇ ಒಂದು ಸಣ್ಣ ಉದಾಹರಣೆ ಹಲಗೆಯ ಮೇಲೆ ಮಾಡಿ ತೋರಿಸಿ, ಎರಡು ಪುಸ್ತಕಗಳಿಗೆ ಸಮ ಬಂದರೆ ಏನು ಅನ್ನುವುದನ್ನೂ ಮೊದಲೇ ಬರೆದಿಡಿ. ನಾವು ಸಮ ಬಂದರೆ ಇಬ್ಬರಿಗೂ ಅಂತ ಇಟ್ಟುಕೊಂಡಿದ್ದೆವು. ಆ ದಿನ ಅದು ಬರೆದಿರದಿದ್ದರೆ, 52 ಮತ್ತು 52 ನೋಡಿದ ಆ ಹೊತ್ತಿನಲ್ಲಿ ಯಾರು ಏನು ನಿಯಮ ಮಾಡಿದರೂ ಅನುಮಾನ ಉಳಿಯುತ್ತಿತ್ತು.

ಮತಪತ್ರದ ಕೆಳಗೆ ಹರಿದು ಕೊಡುವ ಹಾಗೆ ಒಂದು ತುಂಡು ಇಟ್ಟಿದ್ದೆವು, "ಯಾವುದಾದರೂ ಒಬ್ಬ ಲೇಖಕರಿಗೆ ಎರಡು ಸಾಲು". ಬರೆಯಲೇಬೇಕು ಅಂತ ಇರಲಿಲ್ಲ, ಆದರೂ ಸುಮಾರು ಜನ ಬರೆದಿದ್ದರು. ಮೊದಲ ಸುತ್ತಿನಲ್ಲೇ ಹೊರಗೆ ಬಂದ ಆ ಕವನ ಸಂಕಲನದ ಲೇಖಕಿಗೆ ಮೂವತ್ತಕ್ಕೂ ಜಾಸ್ತಿ ತುಂಡು ಬಂದಿದ್ದವು. ಸಮಾರಂಭ ಮುಗಿದ ಮೇಲೆ ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅಲ್ಲೇ ಪತ್ರಿಕೆಗಳ ರ‍್ಯಾಕಿನ ಪಕ್ಕ ನಿಂತು ಒಂದೊಂದೇ ತೆಗೆದು ಓದಿದರು. ಒಂದು ತುಂಡು, ನೀಲಿ ಇಂಕು, ವಯಸ್ಸಾದವರ ನಡುಗುವ ಅಕ್ಷರ. "ನಾಲ್ಕನೇ ಪದ್ಯ ನನ್ನ ಹೆಂಡತಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿ ಅಂದಳು."

"ಇದು ಬರೆದದ್ದು ಯಾರು ಅಂತ ಗೊತ್ತಾ ಮೇಡಂ?" ಅಂತ ಕೇಳಿದರು. ನಮಗೂ ಗೊತ್ತಾಗೋದಿಲ್ಲ ಅಮ್ಮ, ಅದರಲ್ಲಿ ಹೆಸರು ಇರಲ್ಲ ಅಂದೆ. ಅವರು ಆ ತುಂಡನ್ನು ಬೇರೆ ಮಾಡಿ, ತಮ್ಮ ಪುಸ್ತಕ ತೆರೆದು, ನಾಲ್ಕನೇ ಪದ್ಯದ ಪುಟದಲ್ಲಿ ಇಟ್ಟುಕೊಂಡರು.