ಹಾಡು ಕೇಳಲು ಹೋಗಿ ಮಾತು ಕಲಿಸುವುದು: ರಾಯಚೂರಿಗೆ ಬಂದ ಹೊರಗಿನ ವಿದ್ಯಾರ್ಥಿಗಳಿಗಾಗಿ

ರಾಯಚೂರಿಗೆ ಓದಲು ಬರುವ ಹೊರಗಿನ ಹುಡುಗ ಹುಡುಗಿಯರು ಒಂದು ಮಾತು ಕನ್ನಡ ಕಲಿಯದೆ ಐದು ವರ್ಷ ಕಳೆದುಬಿಡಬಹುದು. ಬೇರೆ ಊರುಗಳಿಗಿಂತ ಇಲ್ಲಿ ಅದು ಇನ್ನೂ ಸುಲಭ. ಈ ಊರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳಬರಿಗೆ ಉರ್ದು ಗೊತ್ತು, ಬಜಾರಿನಲ್ಲಿ ಹಿಂದಿ ನಡೆಯುತ್ತದೆ, ಆಂಧ್ರ ತೆಲಂಗಾಣ ಎರಡೂ ಪಕ್ಕದಲ್ಲೇ ಇರುವುದರಿಂದ ತೆಲುಗಿಗೂ ಅಡ್ಡಿ ಇಲ್ಲ. ಡಾಕ್ಟರಿಕೆ ಓದಲು ಬಂದ ಪಾಟ್ನಾದ ಹುಡುಗಿ ಬಾಯಿ ತೆರೆದರೆ ಸಾಕು, ಆಟೋದವರು, ಕಿರಾಣಿ ಅಂಗಡಿಯವರು, ಮೆಸ್ಸಿನವರು ಎಲ್ಲರೂ ಹಿಂದಿಗೆ ಹೊರಳುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಆ ಹುಡುಗಿ ಮುಂದೆ ಆಸ್ಪತ್ರೆಯಲ್ಲಿ ಸಿರವಾರದ ಕಡೆಯ ಒಬ್ಬ ಅಜ್ಜಿಯ ಹೊಟ್ಟೆನೋವು ಕೇಳಿ ತಿಳಿಯಬೇಕು. ಆ ಅಜ್ಜಿಗೆ ಹಿಂದಿ ಬರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸಿ ಓದುವ ಹುಡುಗಿಯರಿಗೆ ಬಾಡಿಗೆ ಕೊಟ್ಟಿದ್ದೇನೆ. ನಮ್ಮ ಓಣಿಯ ಮಹಿಳಾ ಭಜನಾ ಮಂಡಳಿಯಲ್ಲಿ ತಾಳ ಹಿಡಿಯುತ್ತೇನೆ. ಈ ಮಕ್ಕಳಿಗೆ ಮಾತು ಕಲಿಸಲು ನನಗೆ ಕೈಹಿಡಿದ ದಾರಿ ಅಂದರೆ ಹಾಡು ನಡೆಯುವ ಕಡೆ ಕರೆದುಕೊಂಡು ಹೋಗುವುದು. ಇಂಥ ಮಕ್ಕಳು ನಿಮ್ಮ ಮನೆಯಲ್ಲಿ ಬಾಡಿಗೆಗಿದ್ದರೆ, ನಿಮ್ಮ ಜೊತೆ ಓದುತ್ತಿದ್ದರೆ, ನೀವೂ ಇದನ್ನು ಮಾಡಬಹುದು. ಹಾಡಲು ಬರಬೇಕು ಅಂತೇನಿಲ್ಲ.

ತರಗತಿಯಲ್ಲಿ ಕಲಿತದ್ದು ಯಾಕೆ ಸಾಲದು? ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ 2019ರಿಂದ ಸ್ಥಳೀಯ ಭಾಷೆಗೂ ಜಾಗ ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ತರಗತಿಯಲ್ಲಿ ಎದುರುಬದುರು ಕೂತು "ನಿನ್ನ ಹೆಸರೇನು" ಅಂತ ಕೇಳುವಾಗ ಇಬ್ಬರಿಗೂ ಉತ್ತರ ಮೊದಲೇ ಗೊತ್ತಿರುತ್ತದೆ. ಮಾತು ಮುಂದೆ ಹೋಗುವುದೇ ಇಲ್ಲ. ಹಾಡಿನ ಜಾಗದಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿರುತ್ತಾರೆ. ಕೇಳಲು ನಿಜವಾಗಿ ಏನೋ ಇರುತ್ತದೆ. ಹಾಡುವವರು ಯಾರು, ಆ ಮುದುಕರ ಕೈಯಲ್ಲಿರುವುದು ಏನು, ಇನ್ನೂ ಎಷ್ಟು ಹೊತ್ತು ನಡೆಯುತ್ತದೆ. ಮಾತು ನಿಂತರೂ ಯಾರಿಗೂ ಮುಜುಗರ ಇಲ್ಲ, ಹಾಡು ಕೇಳುತ್ತಾ ಕೂತರಾಯಿತು.

ಎಲ್ಲಿಗೆ ಕರೆದೊಯ್ಯಬೇಕು ಅನ್ನುವುದೇ ಅರ್ಧ ಕೆಲಸ. ಮೊದಲ ಸಲಕ್ಕೆ ಓಣಿಯ ಭಜನೆಯಷ್ಟು ಒಳ್ಳೆಯದು ಬೇರೆ ಇಲ್ಲ. ಶ್ರಾವಣ ಮಾಸದಲ್ಲಿ ಹನುಮಂತ ದೇವರ ಗುಡಿಗಳಲ್ಲಿ ಭಜನೆ ಇರುತ್ತದೆ, ಶನಿವಾರ ಸೋಮವಾರ ಜಾಸ್ತಿ. ಬೇರೆ ತಿಂಗಳಲ್ಲಾದರೆ ಅಮಾವಾಸ್ಯೆಗೆ ಮಠಗಳಲ್ಲಿ ಶಿವಾನುಭವ, ಭಜನೆ ನಡೆಯುತ್ತವೆ. ಭಜನೆಯ ದೊಡ್ಡ ಗುಣ ಅಂದರೆ ಅದರ ನಡುವಿನ ಬಿಡುವು. ಒಂದು ಪದ, ಅಂದರೆ ಹಾಡು, ಮುಗಿದ ಮೇಲೆ ಮುಂದಿನದನ್ನು ಯಾರು ಎತ್ತಬೇಕು ಅಂತ ಮಾತಾಗುತ್ತದೆ. ತಬಲಾದವರು ಸುತ್ತಿಗೆ ತಗೊಂಡು ಶ್ರುತಿ ಕೂಡಿಸುತ್ತಾರೆ. ಪೇಟಿಯವರು, ಅಂದರೆ ಹಾರ್ಮೋನಿಯಂ ಬಾರಿಸುವವರು, ನೀರು ಕುಡಿಯುತ್ತಾರೆ. ನಡುವೆ ಚಹಾ ಬರುತ್ತದೆ. ಈ ಎರಡು ಮೂರು ನಿಮಿಷಗಳೇ ನಮಗೆ ಬೇಕಾದವು. ಹಾಡುವವರಲ್ಲಿ ರೈತರು, ಹಮಾಲರು, ದರ್ಜಿಗಳು, ಮಾಸ್ತರರು ಎಲ್ಲ ಇರುತ್ತಾರೆ. ಹೊರಗಿನ ಹುಡುಗಿ ಬಂದು ಚಾಪೆಯ ತುದಿಗೆ ಕೂತರೆ ತಾವೇ ಮಾತಾಡಿಸುತ್ತಾರೆ: "ಎಲ್ಲಿಂದ ಬಂದೀಯವ್ವಾ?"

ರಂಗಮಂದಿರದ ಕಾರ್ಯಕ್ರಮ ಎರಡನೇ ಹಂತಕ್ಕೆ ಇಟ್ಟುಕೊಳ್ಳಿ. ನಮ್ಮ ಊರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ವಚನ ಗಾಯನದಲ್ಲಿ ದೊಡ್ಡ ಹೆಸರು ಅವರದು, ಈ ಜಿಲ್ಲೆಯವರೇ. ಅಲ್ಲಿ ವಚನ, ದಾಸರ ಪದ, ಸುಗಮ ಸಂಗೀತ ಕೇಳುವುದು ನನಗೆ ಬಹಳ ಇಷ್ಟ. ಆದರೆ ಒಳಗೆ ಎಲ್ಲರೂ ಸುಮ್ಮನಿರಬೇಕು, ಪಿಸುಮಾತೂ ತಪ್ಪೇ. ಮಾತು ಕಲಿಯಲು ಬಂದವರಿಗೆ ಶುರುವಾಗುವ ಮೊದಲಿನ ಅರ್ಧ ಗಂಟೆ ಮತ್ತು ಮುಗಿದ ಮೇಲಿನ ಹೊತ್ತು ಮಾತ್ರ ಸಿಗುತ್ತದೆ. ಆದ್ದರಿಂದ ಅಲ್ಲಿಗೆ ಬೇಗ ಹೋಗಬೇಕು, ತಡವಾಗಿ ಹೊರಡಬೇಕು. ಗಣೇಶ ಹಬ್ಬದ ಆರ್ಕೆಸ್ಟ್ರಾ ಬೇಡ. ಆ ಸ್ಪೀಕರುಗಳ ಮುಂದೆ ಪಕ್ಕದವರ ಮಾತು ನಮಗೇ ಕೇಳುವುದಿಲ್ಲ, ಕಲಿಯುವವರಿಗೆ ಏನು ಕೇಳೀತು. ಮುದಗಲ್ಲಿನ ಮೊಹರಂ ಎಲ್ಲರೂ ಒಮ್ಮೆ ನೋಡಲೇಬೇಕು, ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಹಬ್ಬ ಅದು. ಆಗ ಹಾಡುವ ಅಲಾಯಿ ಪದಗಳ ಸೊಗಸೇ ಬೇರೆ. ಆದರೆ ಜನಜಂಗುಳಿ ವಿಪರೀತ. ಮಾತಿನ ಅಂಜಿಕೆ ಹೋದ ಮೇಲೆ ಕರೆದುಕೊಂಡು ಹೋಗಿ.

ಒಂದು ಸಲಕ್ಕೆ ಕಲಿಯುವವರು ಮೂವರು ನಾಲ್ವರಿಗಿಂತ ಜಾಸ್ತಿ ಬೇಡ. ಹತ್ತು ಜನ ಹೋದರೆ ತಮ್ಮ ತಮ್ಮಲ್ಲೇ ಹಿಂದಿಯಲ್ಲಿ ಮಾತಾಡಿಕೊಂಡು ಬರುತ್ತಾರೆ. ಒಂದೇ ರಾಜ್ಯದ ಇಬ್ಬರನ್ನು ಪಕ್ಕಪಕ್ಕ ಕೂಡಿಸಬೇಡಿ. ಒಬ್ಬೊಬ್ಬರಿಗೂ ಒಬ್ಬ ಕನ್ನಡದವರು ಜೊತೆ ಇರಲಿ: ಕ್ಲಾಸಿನ ಗೆಳತಿ, ಪಕ್ಕದ ಮನೆಯ ಪಿಯುಸಿ ಹುಡುಗಿ, ಯಾರಾದರೂ ಸರಿ. ನಾನು ವಯಸ್ಸಾದವರ ಪಕ್ಕ ಕೂಡಿಸುವುದೇ ಹೆಚ್ಚು. ಅವರಿಗೆ ಅವಸರ ಇರುವುದಿಲ್ಲ, ಅರ್ಥವಾಗಲಿಲ್ಲ ಅಂದರೆ ಮತ್ತೆ ಹೇಳುತ್ತಾರೆ.

ಹೊರಡುವ ಮುಂಚೆ ಮನೆಯಲ್ಲಿ ಕಾಲು ಗಂಟೆ ಕೂತು ತಯಾರಿ ಮಾಡಿಸಿ. ಪದ್ಯದ ಅರ್ಥ ಹೇಳಿಕೊಡುವ ತಯಾರಿ ಅಲ್ಲ ಇದು. ಕೇಳುವ ಪ್ರಶ್ನೆಗಳನ್ನು ಬಾಯಿಗೆ ತರಿಸುವುದು. ಹೌದು ಇಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. "ಚೆನ್ನಾಗಿದೆಯಾ?" ಅಂದರೆ "ಹೂಂ" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಯಾರು, ಯಾವ, ಎಲ್ಲಿ, ಎಷ್ಟು, ಹೇಗೆ, ಇವುಗಳಿಂದ ಶುರುವಾಗುವ ಪ್ರಶ್ನೆ ಕೊಡಿ. ನಾನು ಕಲಿಸುವುದು ಇಂಥವು:

"ಅಣ್ಣಾರ, ನೀವು ಯಾವ ಊರವ್ರು?"
"ಎಷ್ಟು ವರ್ಷದಿಂದ ಪೇಟಿ ಬಾರಿಸ್ತೀರಿ?"
"ಯಾರ ಹತ್ರ ಕಲಿತ್ರಿ?"
"ಈ ಪದ ಯಾರು ಬರೆದಾರ್ರೀ?"

ಇವನ್ನು ನಮ್ಮ ಕಡೆಯ ಮಾತಿನಲ್ಲೇ ಕಲಿಸಿ. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದರೂ ಉತ್ತರ ರಾಯಚೂರಿನ ಕನ್ನಡದಲ್ಲೇ ಬರುತ್ತದೆ, ಆಗ ಮಕ್ಕಳು ಗಾಬರಿಯಾಗುತ್ತಾರೆ. ಹಿರಿಯ ಗಂಡಸರಿಗೆ ಅಣ್ಣಾರ, ಕಾಕಾ, ಅಜ್ಜಾರ. ಹೆಂಗಸರಿಗೆ ಅಕ್ಕಾರ, ಅವ್ವಾರ. ಹಾಡು ಕಲಿಸುವವರಿಗೆ ಗುರುಗಳೇ. ಕರೆಯುವುದು ಸರಿ ಇದ್ದರೆ ವಾಕ್ಯ ತಪ್ಪಾದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಎಷ್ಟು ವರ್ಷದಿಂದ" ಕಲಿತವಳು ನಾಳೆ ಆಸ್ಪತ್ರೆಯ ಓಪಿಡಿಯಲ್ಲಿ "ಎಷ್ಟು ದಿನದಿಂದ ಜ್ವರ ಅದ?" ಅಂತ ಕೇಳಬಲ್ಲಳು. "ಯಾವ ಊರವ್ರು?" ಅಲ್ಲೂ ಬೇಕು. ಪ್ರಶ್ನೆ ಆರಿಸುವಾಗ ಆ ಹುಡುಗಿಯ ಓದನ್ನು ಮನಸ್ಸಿನಲ್ಲಿಡಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ "ಈ ವರ್ಷ ಏನು ಹಾಕೀರಿ?" ಅಂತ ಕಲಿಸುತ್ತೇನೆ. ತೊಗರಿ, ಹತ್ತಿ, ಮೆಣಸಿನಕಾಯಿ, ಭತ್ತ ಅಂತ ಉತ್ತರ ಬರುತ್ತದೆ. ಅಲ್ಲಿಂದ ಕಾಲುವೆಗೆ ನೀರು ಬಂತೋ ಇಲ್ಲವೋ ಅನ್ನುವ ಮಾತಿಗೆ ಹೋಗುತ್ತಾರೆ. ಆಮೇಲೆ ನಾವು ತಡೆದರೂ ಆ ಮಾತು ನಿಲ್ಲುವುದಿಲ್ಲ.

ಅಲ್ಲಿ ಹೋದ ಮೇಲೆ ನಿಮ್ಮ ಕೆಲಸ ಮುಖ್ಯವಾಗಿ ಒಂದೇ. ಹಿಂದಿಗೆ ಹೊರಳದಂತೆ ನೋಡಿಕೊಳ್ಳುವುದು. ಮಂಡಳಿಯ ಹಿರಿಯರಿಗೆ ಮೊದಲೇ ಕೈಮುಗಿದು ಹೇಳಿಬಿಡಿ: "ಈಕಿ ಕನ್ನಡ ಕಲೀಲಿಕ್ಕತ್ಯಾಳ್ರೀ, ಹಿಂದಿ ಮಾತಾಡಬ್ಯಾಡ್ರಿ." ಅವರಿಗೆ ಇದು ಖುಷಿಯ ವಿಷಯ. ಒಂದು ಶಬ್ದ ತಡವಾದರೂ ಕಾಯುತ್ತಾರೆ. ನೀವೂ ಕಾಯಿರಿ. ಹುಡುಗಿ ತಡವರಿಸಿದಾಗ ನಡುವೆ ಬಾಯಿ ಹಾಕಿ ವಾಕ್ಯ ಪೂರ್ತಿ ಮಾಡಬೇಡಿ. ತಪ್ಪನ್ನು ಅಲ್ಲೇ ತಿದ್ದಬೇಡಿ. "ನಾನು ಬಂದರು" ಅಂದರೆ ಅನ್ನಲಿ. ಎದುರಿಗಿದ್ದವರಿಗೆ ತಿಳಿಯಿತಲ್ಲ. ತೀರಾ ಬೇಕು ಅನಿಸಿದರೆ ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಮಾತಿನಲ್ಲಿ ಸರಿಯಾದ ರೂಪವನ್ನು ಸಹಜವಾಗಿ ಬಳಸಿ. ಅವಳು ಹಿಡಿದುಕೊಳ್ಳುತ್ತಾಳೆ.

ಹಾಡಿನಿಂದ ಏನು ಕಲಿಯಬಹುದು, ಏನು ಆಗದು ಅನ್ನುವುದೂ ಗೊತ್ತಿರಲಿ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುತ್ತಾರೆ. ಹೊರಗಿನವರೂ ದನಿಗೂಡಿಸಬಹುದು, ತಪ್ಪಿದರೂ ಯಾರಿಗೂ ಕೇಳುವುದಿಲ್ಲ. ಹಿಂದಿಯವರಿಗೆ ಳ ಅಕ್ಷರ ಕಷ್ಟ, ಎಲ್ಲವನ್ನೂ ಲ ಮಾಡುತ್ತಾರೆ. ಭಜನೆಯಲ್ಲಿ ಹತ್ತಾರು ಸಲ ತಿರುಗಿ ಹೇಳುವಾಗ ನಾಲಿಗೆ ತಾನೇ ಹಿಂದಕ್ಕೆ ಮಡಚಲು ಕಲಿಯುತ್ತದೆ. ಆದರೆ ಎ ಮತ್ತು ಏ, ಒ ಮತ್ತು ಓ ಇವುಗಳ ವ್ಯತ್ಯಾಸ ಹಾಡಿನಿಂದ ಬರುವುದಿಲ್ಲ. ಹಿಂದಿಯಲ್ಲಿ ಈ ವ್ಯತ್ಯಾಸವೇ ಇಲ್ಲ. ಹಾಡಿನಲ್ಲೋ ರಾಗಕ್ಕಾಗಿ ಚಿಕ್ಕ ಸ್ವರವನ್ನೂ ಎಳೆಯುತ್ತಾರೆ. ಅದನ್ನು ಮಾತಿನಲ್ಲೇ ಕಲಿಯಬೇಕು. ಹಾಗೆಯೇ ದಾಸರ ಪದಗಳ ವಾಕ್ಯಗಳನ್ನು ಮಾತಿಗೆ ತರಿಸಬೇಡಿ. ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಹದಿನೆಂಟನೇ ಶತಮಾನದವರು. ಅವರ ಕನ್ನಡ ಮನಸ್ಸು ತುಂಬುವ ಕನ್ನಡ. ಸಂತೆಯಲ್ಲಿ ಈರುಳ್ಳಿ ಕೊಳ್ಳಲು ಬರುವುದಿಲ್ಲ. ಆದರೆ ಈ ದಾಸರು ಇದೇ ಜಿಲ್ಲೆಯ ನೆಲದಲ್ಲಿ ಓಡಾಡಿದವರು ಅಂತ ಒಂದು ಮಾತು ಹೇಳಿ. ತಾವು ಬರೀ ಕಾಲೇಜಿಗೆ ಬಂದಿಲ್ಲ, ಒಂದು ನಾಡಿಗೆ ಬಂದಿದ್ದೇವೆ ಅಂತ ಮಕ್ಕಳಿಗೆ ಗೊತ್ತಾಗಬೇಕು.

ಚಹಾದ ಹೊತ್ತನ್ನು ಪೂರ್ತಿ ಬಳಸಿಕೊಳ್ಳಿ. ಹೊರಗೆ ಮಂಡಾಳ (ಮಂಡಕ್ಕಿ) ಒಗ್ಗರಣಿ, ಮಿರ್ಚಿ ಮಾರುವ ಗಾಡಿ ಇದ್ದರೆ ದುಡ್ಡು ಕೊಟ್ಟು ಹುಡುಗಿಯನ್ನೇ ಕಳಿಸಿ. ಎಷ್ಟು ಪ್ಲೇಟು, ಖಾರ ಎಷ್ಟು, ಚಿಲ್ಲರೆ ಎಷ್ಟು ಬಂತು, ಎಲ್ಲ ಅವಳೇ ಮಾತಾಡಲಿ. ನೀವು ದೂರ ನಿಲ್ಲಿ. ಪಕ್ಕದಲ್ಲಿದ್ದರೆ ಗಾಡಿಯವರು ನಿಮ್ಮನ್ನೇ ಕೇಳುತ್ತಾರೆ.

ಕೆಲವು ಎಚ್ಚರಿಕೆಗಳು. ಭಜನೆ ರಾತ್ರಿ ಒಂಬತ್ತರ ಮೇಲೆ ಶುರುವಾಗಿ ಬೆಳಗಿನ ತನಕ ನಡೆಯುವುದುಂಟು. ಹಾಸ್ಟೆಲಿನ ಗೇಟು ಹಾಕುವ ಹೊತ್ತು ಮೊದಲೇ ಕೇಳಿ, ವಾರ್ಡನ್‌ಗೆ ತಿಳಿಸಿ, ವಾಪಸ್ ಬರುವ ಆಟೋ ಗೊತ್ತು ಮಾಡಿಕೊಂಡೇ ಹೊರಡಿ. ಹುಡುಗಿಯರನ್ನು ಬಿಡಿಬಿಡಿಯಾಗಿ ಕಳಿಸಬೇಡಿ. ಬೇರೆ ಧರ್ಮದ ಮಕ್ಕಳಿದ್ದರೆ ಗುಡಿಯೊಳಗೆ ಬರಲು ಅವರಿಗೆ ಒಪ್ಪಿಗೆಯೋ ಇಲ್ಲವೋ ಕೇಳಿ, ಒತ್ತಾಯ ಬೇಡ; ಕಟ್ಟೆಯ ಮೇಲೆ ಕೂತರೂ ಹಾಡು ಕೇಳುತ್ತದೆ, ಮಾತೂ ಸಿಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕಾದರೆ ಹಾಡುವವರನ್ನು ಕೇಳಿಯೇ ಮಾಡಲಿ. ಆ ಕೇಳುವುದೂ ಕನ್ನಡದಲ್ಲಿ. ಕೂಡುವಾಗ ಸ್ಪೀಕರಿನಿಂದ ದೂರ ಕೂಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಸಂಜೆಯೂ ಗೋಡೆಗಳು ಕಾಯುತ್ತಿರುತ್ತವೆ. ನೀರಿನ ಬಾಟಲಿ ಮರೆಯಬೇಡಿ.

ಮರುದಿನದ ಕೆಲಸವನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಅಲ್ಲಿಗೆ ಬಾರದೆ ಇದ್ದ ಯಾರಿಗಾದರೂ ಹುಡುಗಿ ಹಿಂದಿನ ರಾತ್ರಿಯ ಸಂಗತಿ ಹೇಳಬೇಕು. ಮೆಸ್ಸಿನ ಅಕ್ಕನಿಗೆ, ಹಾಲಿನವರಿಗೆ, ಯಾರಿಗಾದರೂ ಸರಿ. ಹೋದೆ, ಬಂದೆ, ಕೂತೆ, ನಿಂತೆ, ಕೊಟ್ಟೆ, ತಿಂದೆ, ಕೇಳಿದೆ, ಹಾಡಿದೆ. ಕನ್ನಡದ ಭೂತಕಾಲದಲ್ಲಿ ಹೊರಗಿನವರನ್ನು ಕಾಡುವ ಕ್ರಿಯಾಪದಗಳಲ್ಲಿ ಹಲವು ಈ ಒಂದು ಕಥೆಯಲ್ಲೇ ಬಂದುಬಿಡುತ್ತವೆ. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ವಾರದಲ್ಲಿ ಮರೆಯುತ್ತಾರೆ. ತಾವೇ ಹೋಗಿ ಬಂದದ್ದನ್ನು ಹೇಳಿದರೆ ಉಳಿಯುತ್ತದೆ. ನಮ್ಮ ಮಾಳಿಗೆಯ ಮೇಲಿದ್ದ ಬಿಹಾರದ ಹುಡುಗಿ ಒಬ್ಬಳು ಹೀಗೆ ಹಾಲಿನವರಿಗೆ ಹೇಳುತ್ತಾ ಹೇಳುತ್ತಾ, ಅವರ ಮಗಳ ಮದುವೆಗೆ ಕರೆಸಿಕೊಂಡಳು. ಅಲ್ಲಿ ಸೋಬಾನೆ ಪದ ಹೇಳುವ ಹೆಂಗಸರ ನಡುವೆ ಕೂತು ಇಡೀ ಮಧ್ಯಾಹ್ನ ಕನ್ನಡದಲ್ಲೇ ಮಾತಾಡಿ ಬಂದಳು. ನಾನು ಜೊತೆಗಿರಲಿಲ್ಲ.

ಕಲಿಯುವವರು ಹೊರದೇಶದವರಾಗಿದ್ದು ಇಂಗ್ಲಿಷ್ ಮಾತು ಬೇಕಾಗಿದ್ದರೂ ದಾರಿ ಇದೇ. ಜೊತೆಗೆ ಕೂಡುವವರು ಮತ್ತು ಪ್ರಶ್ನೆಗಳ ಭಾಷೆ ಮಾತ್ರ ಬದಲು. ನಮ್ಮ ಕನ್ನಡ ಮಾಧ್ಯಮದ ಮಕ್ಕಳನ್ನೇ ಅವರ ಪಕ್ಕ ಕೂಡಿಸಿ, ತಬಲಾ, ಏಕತಾರಿ ತೋರಿಸಿ ವಿವರಿಸಲು ಹೇಳಿ. ಎರಡೂ ಕಡೆಯವರಿಗೆ ಇಂಗ್ಲಿಷ್ ಹೊಸದಾದ್ದರಿಂದ ಯಾರಿಗೂ ನಾಚಿಕೆ ಇರುವುದಿಲ್ಲ.

ಹದಿನೈದು ದಿನಕ್ಕೆ ಒಮ್ಮೆ ಸಾಕು, ಓದಿಗೆ ತೊಂದರೆ ಆಗಬಾರದು. ಪ್ರತಿ ಸಲ ಹೊಸ ಜಾಗ ಹುಡುಕಬೇಡಿ. ಅದೇ ಮಂಡಳಿಗೆ ಮತ್ತೆ ಹೋದರೆ ಪೇಟಿಯವರಿಗೆ ಗುರುತು ಸಿಗುತ್ತದೆ, ಪರೀಕ್ಷೆ ಹೇಗಾಯಿತು ಅಂತ ಅವರೇ ಕೇಳುತ್ತಾರೆ. ಆ ಹೊತ್ತಿಗೆ ತಯಾರಿ ಮಾಡಿದ ಪ್ರಶ್ನೆಗಳು ಬೇಕಾಗುವುದಿಲ್ಲ. ಹುಡುಗಿ ತಾನೇ ಗೆಳತಿಯನ್ನು ಕರೆದುಕೊಂಡು ಹೋಗಲು ಶುರು ಮಾಡಿದ ಮೇಲೆ ನೀವು ಜೊತೆಗೆ ಹೋಗುವುದನ್ನು ನಿಲ್ಲಿಸಿ, ಮುಂದಿನ ವರ್ಷ ಹೊಸದಾಗಿ ಬಂದವರ ಕಡೆ ನೋಡಿ.