ಹತ್ತು ಸೂಚಕರು, ಒಂದು ಅಫಿಡವಿಟ್: ಲೋಕಸಭೆ ಚುನಾವಣೆಗೆ ನಾವು ತಯಾರಾದದ್ದು

2024ರ ಮಾರ್ಚ್ 16, ಶನಿವಾರ. ಮಧ್ಯಾಹ್ನ ಚುನಾವಣಾ ಆಯೋಗ ಲೋಕಸಭೆ ಚುನಾವಣೆಯ ದಿನಾಂಕ ಪ್ರಕಟಿಸಿತು. ಸಂಜೆ ಮೇಷ್ಟ್ರು ನನ್ನ ಆಫೀಸಿಗೆ ಬಂದು ಕೂತರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಕೆರೆ ನೀರಿನ ಹೋರಾಟಕ್ಕೆ ಇಳಿದವರು.

"ಪಕ್ಷೇತರನಾಗಿ ನಿಲ್ತೀನಿ ಕಣಪ್ಪಾ. ನೀನು ನನ್ನ ಚುನಾವಣಾ ಏಜೆಂಟ್ ಆಗ್ಬೇಕು" ಅಂದರು.

ನಾನು ತೆರಿಗೆ ಲೆಕ್ಕ ಬರೆದು ಹೊಟ್ಟೆ ಹೊರೆಯುವವನು. ರಾಜಕೀಯ ಗೊತ್ತಿಲ್ಲ ಸಾರ್ ಅಂದೆ. "ರಾಜಕೀಯ ನಾನು ನೋಡ್ಕೋತೀನಿ, ನೀನು ಕಾಗದ ನೋಡ್ಕೋ" ಅಂದರು. ಆ ಕಾಗದ ಎಷ್ಟಿದೆ ಅಂತ ಅವತ್ತು ಇಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಕ್ಷೇತ್ರ ಎರಡನೇ ಹಂತದಲ್ಲಿತ್ತು. ಏಪ್ರಿಲ್ 26ಕ್ಕೆ ಮತದಾನ. ಮಾರ್ಚ್ 28ಕ್ಕೆ ಅಧಿಸೂಚನೆ, ನಾಮಪತ್ರಕ್ಕೆ ಏಪ್ರಿಲ್ 4 ಕೊನೆ ದಿನ. ಎಂಟು ದಿನ ಇದೆಯಲ್ಲ ಅನ್ನಿಸಿತು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತಾಗ ಗೊತ್ತಾಯಿತು. 29 ಗುಡ್ ಫ್ರೈಡೇ, 31 ಭಾನುವಾರ, ಎರಡೂ ದಿನ ನಾಮಪತ್ರ ತಗೊಳ್ಳುವುದಿಲ್ಲ. ಉಳಿದದ್ದು ಆರು ದಿನ. ಅದೂ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಲೆಕ್ಕ ಹಾಕಿದರೆ ಒಟ್ಟು ಇಪ್ಪತ್ತನಾಲ್ಕು ಗಂಟೆ!

ಮೊದಲ ಪೆಟ್ಟು ಬಿದ್ದದ್ದು ಬ್ಯಾಂಕಿನಲ್ಲಿ. ಚುನಾವಣೆ ಖರ್ಚಿಗೆಂದೇ ಅಭ್ಯರ್ಥಿ ಬೇರೆ ಖಾತೆ ತೆರೆಯಬೇಕು, ನಾಮಪತ್ರ ಕೊಡುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ಅದು ಆಗಿರಬೇಕು. ಮೇಷ್ಟ್ರು "ನನ್ನ ಪಿಂಚಣಿ ಖಾತೆ ಇದೆಯಲ್ಲ" ಅಂತ ಸುಮ್ಮನಿದ್ದರು. ಅದು ನಡೆಯುವುದಿಲ್ಲ. ವರ್ಷದ ಲೆಕ್ಕ ಮುಗಿಸಲು ಏಪ್ರಿಲ್ 1ರಂದು ಬ್ಯಾಂಕ್ ವ್ಯವಹಾರ ಬಂದ್. ಶುಕ್ರವಾರ ರಜೆ, ಭಾನುವಾರ ರಜೆ, ಸೋಮವಾರವೂ ಇಲ್ಲ. ಮಧ್ಯೆ ಸಿಕ್ಕಿದ್ದು 30ರ ಶನಿವಾರ ಒಂದೇ. ಅವತ್ತು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಹೊಸ ಖಾತೆ ಅಂದರೆ ಯಾರಿಗೆ ತಾನೇ ಖುಷಿ? "ಮುಂದಿನ ವಾರ ಬನ್ನಿ" ಅಂದರು. ಚುನಾವಣೆ ಖಾತೆ, ತಡ ಮಾಡುವ ಹಾಗಿಲ್ಲ ಅಂತ ಹೇಳಿ ಅಲ್ಲೇ ಕೂತೆವು. ಮಧ್ಯಾಹ್ನ ಖಾತೆ ನಂಬರ್ ಕೈಗೆ ಬಂತು. ಯಾರಾದರೂ ನಿಲ್ಲುವ ಯೋಚನೆ ಮಾಡಿದ್ದರೆ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಇನ್ನು ಸೂಚಕರ ಕಥೆ. ಸೂಚಕರು ಅಂದರೆ ಇವರು ನಿಲ್ಲಲಿ ಅಂತ ನಾಮಪತ್ರದಲ್ಲಿ ಸಹಿ ಹಾಕುವ ಮತದಾರರು. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಜನ ಬೇಕು. ನೋಂದಣಿ ಮಾತ್ರ ಆಗಿ ಮಾನ್ಯತೆ ಸಿಗದ ಸಣ್ಣ ಪಕ್ಷಗಳಿಗೂ ಹತ್ತೇ. ಇದು ಯಾಕೆ ಹೀಗೆ ಅಂತ ಮೇಷ್ಟ್ರು ಸಿಡುಕಿದರು. ಕಾರಣದಲ್ಲಿ ನಮ್ಮ ಬೆಳಗಾವಿಯದೂ ಒಂದು ಪಾಲಿದೆ. 1996ರ ಲೋಕಸಭೆ ಚುನಾವಣೆಯಲ್ಲಿ ಅಲ್ಲಿ 456 ಜನ ಕಣದಲ್ಲಿದ್ದರು, ಆಂಧ್ರದ ನಲ್ಗೊಂಡದಲ್ಲಿ 480. ಆಗ ಠೇವಣಿ ಬರೀ 500 ರೂಪಾಯಿ. ಅದೇ ವರ್ಷ ಕಾನೂನು ತಿದ್ದಿ ಠೇವಣಿ 10,000 ಮಾಡಿದರು, ಪಕ್ಷೇತರರಿಗೆ ಹತ್ತು ಸೂಚಕರು ಅಂತಲೂ ಸೇರಿಸಿದರು. ಈಗ ಠೇವಣಿ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ.

ಹತ್ತು ಜನ ಸಿಗುವುದು ಏನು ಮಹಾ ಅಂದುಕೊಂಡಿದ್ದೆವು. ಮೇಷ್ಟ್ರಿಗೆ ಊರ ತುಂಬ ಶಿಷ್ಯರು. ಆದರೆ ಸೂಚಕ ಅದೇ ಲೋಕಸಭಾ ಕ್ಷೇತ್ರದ ಮತದಾರ ಆಗಿರಬೇಕು. ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡೂ ನಾಮಪತ್ರದಲ್ಲಿ ಬರೆಯಬೇಕು. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ನಮ್ಮ ತಾಲ್ಲೂಕಿನ ಒಂದು ಹೋಬಳಿ ಪಕ್ಕದ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ, ಅದು ಬೇರೆ ಲೋಕಸಭಾ ಕ್ಷೇತ್ರದಲ್ಲಿದೆ. ದಿನಾ ನಮ್ಮೂರ ಸಂತೆಗೆ ಬರುವ ಮನುಷ್ಯ, ಓಟು ಮಾತ್ರ ಬೇರೆ ಕ್ಷೇತ್ರದಲ್ಲಿ! ಮೇಷ್ಟ್ರು ಕೊಟ್ಟ ಹತ್ತು ಹೆಸರಿನಲ್ಲಿ ಇಬ್ಬರು ಅಂಥವರೇ. ಇನ್ನೊಬ್ಬರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಬಾಡಿಗೆ ಮನೆ ಬದಲಿಸಿದಾಗ ಹಳೆಯದನ್ನು ತೆಗೆಸಿದ್ದರು, ಹೊಸದಕ್ಕೆ ಅರ್ಜಿ ಹಾಕಿರಲಿಲ್ಲ.

ಕ್ರಮ ಸಂಖ್ಯೆ ಬರೆಯುವಾಗ ಕೈ ತಪ್ಪಿದರೆ ಚುನಾವಣಾಧಿಕಾರಿ ತಿದ್ದಲು ಬಿಡುತ್ತಾರೆ. ಸಣ್ಣಪುಟ್ಟ ತಪ್ಪಿಗೆ ನಾಮಪತ್ರ ತಿರಸ್ಕರಿಸಬಾರದು ಅಂತ ಕಾನೂನೇ ಇದೆ. ಆದರೆ ಸೂಚಕ ಮತದಾರನೇ ಅಲ್ಲ ಅಂದರೆ ಅದು ಸಣ್ಣ ತಪ್ಪಲ್ಲ. ಹತ್ತರಲ್ಲಿ ಒಂದು ಹೋದರೆ ಉಳಿಯುವುದು ಒಂಬತ್ತು, ನಾಮಪತ್ರ ಬಿದ್ದೇ ಹೋಗುತ್ತದೆ. ಹಾಗಾಗಿ ನಾನು ಪ್ರತಿಯೊಬ್ಬರ ಹೆಸರನ್ನೂ ಹೊಸ ಪಟ್ಟಿಯಲ್ಲಿ ನಾನೇ ಹುಡುಕಿ, ಆ ಪುಟ ಪ್ರಿಂಟ್ ತೆಗೆದು, ಗೆರೆ ಎಳೆದು ಇಟ್ಟುಕೊಂಡೆ. ಗುರುತಿನ ಚೀಟಿ ಇದೆ ಅಂದರೆ ನಂಬಬೇಡಿ. ಚೀಟಿ ಜೇಬಿನಲ್ಲಿದ್ದು ಹೆಸರು ಪಟ್ಟಿಯಲ್ಲಿ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ.

ಒಬ್ಬ ಸೂಚಕಿ ಹೆಬ್ಬೆಟ್ಟಿನವರು. ಮೇಷ್ಟ್ರಿಗೆ ಆ ಅಜ್ಜಿಯ ಹೆಸರು ಇರಲೇಬೇಕು ಅಂತ ಆಸೆ, ಕೆರೆ ಹೋರಾಟದಲ್ಲಿ ಮೊದಲ ದಿನದಿಂದ ಕೂತವರು. ಸಹಿ ಮಾಡುವವರು ಮನೆಯಲ್ಲೇ ಮಾಡಿ ಕಳಿಸಬಹುದು. ಹೆಬ್ಬೆಟ್ಟು ಒತ್ತುವವರು ಅಧಿಕಾರಿಯ ಎದುರಿಗೇ ಒತ್ತಬೇಕು. ಅಜ್ಜಿಯನ್ನು ಕರೆದುಕೊಂಡು ಹೋದೆವು. ಅವರು ಬೆರಳು ಒರೆಸಿಕೊಳ್ಳುತ್ತಾ "ಇಷ್ಟಕ್ಕಾ ಮಗಾ ಇಷ್ಟು ದೂರ ಕರ್ಕೊಂಬಂದಿದ್ದು?" ಅಂದರು.

ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರದವರೆಗೆ ಕೊಡಬಹುದು, ಠೇವಣಿ ಒಂದೇ ಸಲ. ನಾವು ಎರಡು ಕೊಟ್ಟೆವು. ಎರಡನೆಯದಕ್ಕೆ ಪೂರ್ತಿ ಬೇರೆ ಹತ್ತು ಜನ. ಅದೇ ಹತ್ತು ಹೆಸರು ಹಾಕಿ ಎರಡು ಸೆಟ್ ಕೊಟ್ಟರೆ ಅದರಿಂದ ಏನೂ ಉಪಯೋಗ ಇಲ್ಲ ಅಲ್ವಾ?

ಅಫಿಡವಿಟ್ ಅಂದರೆ ಫಾರಂ 26. ಇದು ನನ್ನ ಕಸುಬಿಗೆ ಹತ್ತಿರದ್ದು, ಸುಲಭ ಅಂದುಕೊಂಡೆ. ಮೂರು ರಾತ್ರಿ ತಿಂದಿತು. ಐದು ವರ್ಷದ ಆದಾಯ ತೆರಿಗೆ ವಿವರ, ಅಭ್ಯರ್ಥಿಯದು ಮಾತ್ರ ಅಲ್ಲ, ಹೆಂಡತಿ ಮತ್ತು ಅವಲಂಬಿತರದೂ. ಜಮೀನು, ಮನೆ, ಚಿನ್ನ, ಸಾಲ, ವಿಮೆ. ಫೇಸ್‌ಬುಕ್ ಖಾತೆ ಇದ್ದರೆ ಅದೂ. ಜಮೀನಿಗೆ ಪಹಣಿ ತೆಗೆಸಿದರೆ ಅದು ಇನ್ನೂ ಮೇಷ್ಟ್ರ ಅಪ್ಪನ ಹೆಸರಿನಲ್ಲೇ ಇತ್ತು, ಅಣ್ಣತಮ್ಮಂದಿರ ಪಾಲು ಆಗಿರಲಿಲ್ಲ. ಪಿತ್ರಾರ್ಜಿತ, ಮೂರರಲ್ಲಿ ಒಂದು ಪಾಲು ಅಂತ ಬರೆದೆ. ಚಿನ್ನದ ವಿಷಯಕ್ಕೆ ಮೇಷ್ಟ್ರು ಒಳಗೆ ಹೋಗಿ ಹೆಂಡತಿ ಟೀಚರಮ್ಮನನ್ನು ಕೇಳಿ ಬಂದರು. ಬರುವಾಗ ಮುಖ ಸಣ್ಣದಾಗಿತ್ತು. "ನನಗೆ ಗೊತ್ತಿದ್ದಕ್ಕಿಂತ ಜಾಸ್ತಿ ಇದೆ ಕಣಪ್ಪಾ" ಅಂದರು.

ಇದರಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬಾರದು. ಏನೂ ಇಲ್ಲದಿದ್ದರೆ "ಇಲ್ಲ" ಅಂತಲೋ "ಅನ್ವಯಿಸುವುದಿಲ್ಲ" ಅಂತಲೋ ಬರೆಯಬೇಕು. ಗೆರೆ ಎಳೆದು ಬಿಟ್ಟರೂ ತಕರಾರು ಬರುತ್ತದೆ. ಖಾಲಿ ಬಿಟ್ಟ ಅಫಿಡವಿಟ್ ಅಂದರೆ ಮತದಾರನ ತಿಳಿಯುವ ಹಕ್ಕಿಗೆ ಅಡ್ಡಿ, ಅಂಥ ನಾಮಪತ್ರ ತಿರಸ್ಕರಿಸಬಹುದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಾನು ಪ್ರತಿ ಪುಟವನ್ನೂ ಬೆರಳಿಟ್ಟು ಮೂರು ಸಲ ಓದಿದೆ.

ಕೇಸಿನ ಕಾಲಂ ಬಂದಾಗ ಮೇಷ್ಟ್ರು "ನನ್ನ ಮೇಲೆ ಯಾವ ಕೇಸೂ ಇಲ್ಲ" ಅಂದರು. ರಸ್ತೆ ತಡೆ ಮಾಡಿದ್ರಲ್ಲ ಸಾರ್ ಅಂತ ನೆನಪಿಸಿದೆ. ಠಾಣೆಯಲ್ಲಿ ವಿಚಾರಿಸಿದರೆ ಎಫ್‌ಐಆರ್ ಇತ್ತು. ಅದನ್ನು ಬರೆಯದೆ ಬಿಟ್ಟಿದ್ದರೆ ಸುಳ್ಳು ಅಫಿಡವಿಟ್ ಆಗುತ್ತಿತ್ತು, ಅದಕ್ಕೆ ಆರು ತಿಂಗಳವರೆಗೆ ಜೈಲು ಇದೆ. ಬರೆದದ್ದಕ್ಕೂ ಖರ್ಚು ಬಂತು. ಕೇಸ್ ಇರುವ ಅಭ್ಯರ್ಥಿ ಆ ವಿವರವನ್ನು ಪತ್ರಿಕೆಯಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕು. ಮೊದಲನೆಯದು ನಾಮಪತ್ರ ವಾಪಸಿನ ಕೊನೆ ದಿನದಿಂದ ನಾಲ್ಕು ದಿನದೊಳಗೆ, ಎರಡನೆಯದು ಐದರಿಂದ ಎಂಟನೇ ದಿನದೊಳಗೆ, ಮೂರನೆಯದು ಒಂಬತ್ತನೇ ದಿನದಿಂದ ಪ್ರಚಾರ ಮುಗಿಯುವವರೆಗೆ. ನೀರು ಕೇಳಲು ರಸ್ತೆಯಲ್ಲಿ ಕೂತದ್ದಕ್ಕೆ "ಕ್ರಿಮಿನಲ್ ಹಿನ್ನೆಲೆ" ಅಂತ ದುಡ್ಡು ಕೊಟ್ಟು ಹಾಕಿಸಬೇಕಾಯಿತು. ನಿಯಮ ಸರಿಯಾದದ್ದೇ, ನಾನು ಅದರ ಪರ. ಆದರೂ ಅವತ್ತು ಮೇಷ್ಟ್ರ ಮುಖ ನೋಡುವುದು ಕಷ್ಟ ಆಯಿತು.

ಏಪ್ರಿಲ್ 3ಕ್ಕೆ ಮೊದಲ ಸೆಟ್ ಕೊಟ್ಟೆವು. ಚುನಾವಣಾಧಿಕಾರಿಯ ಕೊಠಡಿಗೆ ಅಭ್ಯರ್ಥಿ ಸೇರಿ ಐದೇ ಜನ. ಠೇವಣಿಗೆ ಚೆಕ್ ನಡೆಯುವುದಿಲ್ಲ, ನಗದು ಅಥವಾ ಖಜಾನೆ ಚಲನ್. ನಾವು ನಗದೇ ಒಯ್ದಿದ್ದೆವು. ಕೊಟ್ಟ ಮೇಲೆ ಅಲ್ಲೇ ಪ್ರಮಾಣ ವಚನ ಓದಿ ಸಹಿ ಹಾಕಿಸಿದೆ. ಇದನ್ನು ಮರೆಯುವವರು ಇದ್ದಾರೆ. ಪರಿಶೀಲನೆಯ ದಿನ ಬೆಳಿಗ್ಗೆ ಹೋಗಿ ಓದ್ತೀನಿ ಅಂದರೆ ಆಗುವುದಿಲ್ಲ, ಹಿಂದಿನ ದಿನದೊಳಗೇ ಆಗಿರಬೇಕು. ಹೊರಗೆ ದೊಡ್ಡ ಪಕ್ಷದ ಒಂದು ಗುಂಪು ಬಿ ಫಾರಂ ಬಂತಾ ಬಂತಾ ಅಂತ ಫೋನ್ ಹಿಡಿದು ಓಡಾಡುತ್ತಿತ್ತು. ಬಿ ಫಾರಂ ಕೊನೆ ದಿನ 3 ಗಂಟೆಯೊಳಗೆ ಬರದಿದ್ದರೆ ಆ ಪಕ್ಷದ ಚಿಹ್ನೆ ಇಲ್ಲ. ಅವರ ಕಷ್ಟ ಅವರಿಗೆ.

5ಕ್ಕೆ ಪರಿಶೀಲನೆ. ನಮ್ಮ ಎರಡೂ ಸೆಟ್ ಉಳಿದವು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಪಕ್ಷೇತರರದು ಹೋಯಿತು. ಒಬ್ಬ ಸೂಚಕ ಬೇರೆ ಕ್ಷೇತ್ರದವನು, ಅವರು ಕೊಟ್ಟಿದ್ದು ಒಂದೇ ಸೆಟ್. ಹೊರಗೆ ಬಂದು ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟರು.

8ಕ್ಕೆ ವಾಪಸ್ ಪಡೆಯುವ ಗಡುವು ಮುಗಿಯಿತು. ಚಿಹ್ನೆ ಸಿಗುವುದು ಆಮೇಲೇ. ನಾಮಪತ್ರದಲ್ಲಿ ಮೂರು ಚಿಹ್ನೆ ಬರೆದಿದ್ದೆವು, ಸಿಕ್ಕಿದ್ದು ಎರಡನೆಯದು. ಸರಿ, ಬೆಳಿಗ್ಗೆಯೇ ಕರಪತ್ರ ಹೊಡೆಸೋಣ ಅಂತ ಹೊರಟರೆ 9 ಯುಗಾದಿ! ಊರಿನ ಯಾವ ಪ್ರೆಸ್ಸೂ ತೆರೆದಿಲ್ಲ. ಒಬ್ಬಟ್ಟು ತಿಂದು ಕೂತೆವು. ಚಿಹ್ನೆ ಬಿಟ್ಟು ಉಳಿದದ್ದೆಲ್ಲ ಮೊದಲೇ ಪುಟ ಕಟ್ಟಿಸಿಟ್ಟಿದ್ದರೆ ಒಂದು ದಿನ ಉಳಿಯುತ್ತಿತ್ತು, ಅದು ನನ್ನ ತಪ್ಪು. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು, ಎಷ್ಟು ಪ್ರತಿ ಅನ್ನುವುದನ್ನೂ ಹಾಕಿಸಬೇಕು. ಪ್ರೆಸ್ಸಿನವರಿಗೆ ಪ್ರಕಾಶಕರ ಘೋಷಣೆಯನ್ನು ಎರಡು ಪ್ರತಿ ಕೊಡಬೇಕು. ಕೊಡದೆ ಮುದ್ರಿಸಿದರೆ ಅವರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾವು ಊಹಿಸದ ಇನ್ನೊಂದು ವಿಷಯ ಮತಯಂತ್ರದ್ದು. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಗುಂಡಿ. ಕಣದಲ್ಲಿ 15ಕ್ಕಿಂತ ಜಾಸ್ತಿ ಜನ ಉಳಿದರೆ ಎರಡನೇ ಯಂತ್ರ ಜೋಡಿಸುತ್ತಾರೆ. ಮೊದಲು ಮಾನ್ಯ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು, ಅವರವರಲ್ಲಿ ಕನ್ನಡ ಅಕ್ಷರಮಾಲೆಯ ಕ್ರಮ. ಮೇಷ್ಟ್ರ ಹೆಸರು ವರ್ಗೀಯ ವ್ಯಂಜನ ದಾಟಿದ್ದು. ಹೋಗಿ ಎರಡನೇ ಯಂತ್ರದಲ್ಲಿ ಕೂತಿತು. ಓಟು ಹಾಕಲು ಹೋದವರು ಮೊದಲ ಯಂತ್ರ ನೋಡಿ "ಮೇಷ್ಟ್ರು ಇಲ್ವಲ್ಲ" ಅಂತ ಯಾವುದೋ ಗುಂಡಿ ಒತ್ತಿ ಬಂದರೆ? ಹಾಗಾಗಿ ಕೊನೆಯ ವಾರದ ಪ್ರಚಾರದಲ್ಲಿ ನೀರು, ಕೆರೆ ಎಲ್ಲ ಹಿಂದೆ ಸರಿದು "ಎರಡನೇ ಮಷಿನ್ ನೋಡಿ" ಅನ್ನುವುದೇ ಘೋಷಣೆ ಆಯಿತು.

ಖರ್ಚಿನ ಮಿತಿ ಕರ್ನಾಟಕದಲ್ಲಿ ಲೋಕಸಭೆಗೆ 95 ಲಕ್ಷ. ನಮಗೆ ಅದರ ಹತ್ತಿರ ಹೋಗುವ ಭಯ ಇರಲಿಲ್ಲ. ಆದರೆ ಲೆಕ್ಕ ಎಲ್ಲರಿಗೂ ಒಂದೇ. ಚುನಾವಣಾಧಿಕಾರಿ ಕೊಡುವ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ. ಬಿಳಿ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಹೊತ್ತಿನಲ್ಲಿ ಮೂರು ಸಲ ಒಯ್ದು ತೋರಿಸಬೇಕು. ಒಬ್ಬರಿಗೆ ಇಡೀ ಚುನಾವಣೆಯಲ್ಲಿ ನಗದು ಕೊಡುವುದು 10,000 ರೂಪಾಯಿ ದಾಟಬಾರದು. ಆಟೋ ಚಾಲಕನಿಗೆ ದಿನಾ ಕೈಗೆ ಕೊಡುತ್ತಾ ಹೋಗಿ ನಾವು ಅಂಚಿಗೆ ಬಂದಿದ್ದೆವು. ಆಮೇಲೆ ಬ್ಯಾಂಕಿಗೆ ಹಾಕಲು ಶುರು ಮಾಡಿದೆ.

ಪುಕ್ಕಟೆ ಸಿಕ್ಕಿದ್ದಕ್ಕೂ ಲೆಕ್ಕ ಇದೆ. ಹಳೆಯ ಶಿಷ್ಯನೊಬ್ಬ ಶಾಮಿಯಾನ, ಕುರ್ಚಿ ದುಡ್ಡು ತಗೊಳ್ಳದೆ ಹಾಕಿಕೊಟ್ಟ. ನಾನು ಬರೆದಿರಲಿಲ್ಲ. ಮೊದಲ ತಪಾಸಣೆಯಲ್ಲಿ ಅಧಿಕಾರಿಗಳು ತಾವೇ ಬರೆದಿಟ್ಟ ಪುಸ್ತಕ ತೆಗೆದು ತೋರಿಸಿದರು. ನಮ್ಮ ಸಭೆಯ ವಿಡಿಯೋ, ಕುರ್ಚಿ ಎಣಿಕೆ ಎಲ್ಲ ಅದರಲ್ಲಿತ್ತು. ಜಿಲ್ಲೆಯ ದರಪಟ್ಟಿಯ ಪ್ರಕಾರ ಬೆಲೆ ಕಟ್ಟಿ ಸೇರಿಸಿಕೊಂಡೆ. ಮೇಷ್ಟ್ರು ಅವತ್ತಿಂದ ಯಾರಾದರೂ ಟೀ ಕೊಟ್ಟರೆ "ಇದನ್ನ ಬರ್ಕೊಂಡ್ಯಾ?" ಅಂತ ನನ್ನ ಕಡೆ ನೋಡುತ್ತಿದ್ದರು.

ಮತಗಟ್ಟೆ ಏಜೆಂಟರ ವಿಷಯದಲ್ಲಿ ನಾವು ಸೋತೆವು. ಕ್ಷೇತ್ರದಲ್ಲಿ ಎರಡು ಸಾವಿರದಷ್ಟು ಮತಗಟ್ಟೆ, ನಮಗೆ ಜನ ಸಿಕ್ಕಿದ್ದು ಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ. ಹೋದವರಿಗೆ ಎರಡೇ ಮಾತು ಹೇಳಿದ್ದೆ. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಅಣಕು ಮತದಾನ, ಅದಕ್ಕೆ ಇರಬೇಕು. ಸಂಜೆ ಫಾರಂ 17ಸಿ, ಅಂದರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ, ಅದರ ಪ್ರತಿ ತಗೊಳ್ಳದೆ ಎದ್ದು ಬರಬಾರದು.

ಜೂನ್ 4ಕ್ಕೆ ಎಣಿಕೆ. ಬಿದ್ದ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ದರೆ ಠೇವಣಿ ಹೋಗುತ್ತದೆ, ನಮ್ಮದು ಹೋಯಿತು. ಆದರೆ ಕೆಲಸ ಮುಗಿದಿರಲಿಲ್ಲ. ಸೋತವರೂ ಫಲಿತಾಂಶದಿಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು, ಇಲ್ಲದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ವೋಚರ್‌ಗಳನ್ನೆಲ್ಲ ಜೋಡಿಸಿ, ಮೇಷ್ಟ್ರ ಸಹಿ ಹಾಕಿಸಿ, ಕೊಟ್ಟು ಸ್ವೀಕೃತಿ ತಗೊಂಡೆ. ಅಲ್ಲಿಂದ ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿಸಿದೆವು. 412 ರೂಪಾಯಿ ಉಳಿದಿತ್ತು. ಕೌಂಟರಿನಲ್ಲಿ ದುಡ್ಡು ಎಣಿಸಿಕೊಂಡು ಮೇಷ್ಟ್ರು ನನ್ನ ಕಡೆ ತಿರುಗಿದರು.

"ಇದಕ್ಕೂ ವೋಚರ್ ಬೇಕೇನೋ?"